ಒಳಗಿನ ಪಸೆ

ಡಬ್ಬಿಯಕ್ಕನ ಮುತ್ತಜ್ಜ ದೋಣಿಕಟ್ಟೆಯಲ್ಲಿ ಸಕ್ಕರೆ ಮೂಟೆ ಹೊರುತ್ತಿದ್ದ. ಮಳೆಗಾಲದಲ್ಲಿ ಸಕ್ಕರೆ ಕರಗಿ ಗೋಣಿಯಿಂದ ಅವನ ಬೆನ್ನಿಗಿಳಿಯುತ್ತಿತ್ತಂತೆ. ಸಂಜೆ ಮನೆ ಸೇರಿ ಗೋಡೆಗೆ ಒರಗಿದನೆಂದರೆ ಇರುವೆ ಸಾಲು ಅವನನ್ನು ಹುಡುಕಿಕೊಂಡು ಬರುತ್ತಿತ್ತಂತೆ. ಊರು ಅವನಿಗೆ ಇರುವೆಯಪ್ಪ ಎಂದೇ ಹೆಸರಿಟ್ಟಿತು. ಜನರ ನಗೆಗೆ ಅವನು ಬೇಸರಪಟ್ಟುಕೊಂಡವನಲ್ಲ. ಆದರೆ ನಂಬಿ ಕೊಟ್ಟ ಸರಕು ತನ್ನ ಬೆನ್ನ ಮೇಲೇ ನೀರಾಗಿ ಹೋಗುವುದನ್ನು ಅವನಿಂದ ಸಹಿಸಲಾಗುತ್ತಿರಲಿಲ್ಲ. ಗೋಣಿಗೆ ಮೇಣ ತಿಕ್ಕಿ ಮೂಟೆಗೆ ಹೊದಿಸುವ ರೂಢಿಯನ್ನು ಆ ಕಟ್ಟೆಗೆ ತಂದವನು ಅವನೇ.

ಇರುವೆಯಪ್ಪನ ಮಗ ಕಿರಾಣಿ ಅಂಗಡಿಯಲ್ಲಿ ಪೊಟ್ಟಣ ಕಟ್ಟುವ ಕೆಲಸಕ್ಕೆ ಸೇರಿದ. ದಾರ ಬೇಡ, ಅಂಟು ಬೇಡ, ಬರೀ ಮಡಿಕೆಯಲ್ಲೇ ಪೊಟ್ಟಣ ಕಟ್ಟುತ್ತಿದ್ದ. ಅವನು ಕಟ್ಟಿದ ಬೇಳೆಯ ಪೊಟ್ಟಣವನ್ನು ಮಹಡಿಯಿಂದ ಎಸೆದರೂ ಒಂದು ಕಾಳು ಹೊರಗೆ ಬೀಳದು ಎಂಬ ಸುದ್ದಿ ಹಬ್ಬಿ, ಎಸೆದು ನೋಡುವುದಕ್ಕೆಂದೇ ಜನ ಬೇಳೆ ಕೊಳ್ಳತೊಡಗಿದರು. ಅಂಗಡಿಯವನಿಗೆ ಅಂಥ ಗಿರಾಕಿಗಳ ಮೇಲೆ ಏನೂ ಸಿಟ್ಟಿರಲಿಲ್ಲ.

ಪೊಟ್ಟಣದವನ ಮಗ ಡಬ್ಬಿಯ ಕಾರ್ಖಾನೆ ಹಾಕಿದ. ಕಾರ್ಖಾನೆಯೆಂದರೆ ಬೀದಿಗೆ ಬಾಗಿಲಿರುವ ಒಂದು ಉದ್ದನೆಯ ಕೋಣೆ, ಅದರ ನಡುವೆ ಒಂದು ಮೇಜು, ಹಿಂದೆ ಮೈದಾ ಅಂಟು ಕುದಿಸುವ ಒಲೆ. ಚಪ್ಪಲಿಗೆ, ಗುಳಿಗೆಗೆ, ಗುಂಡಿಗೆ, ಎಲ್ಲಕ್ಕೂ ಅಲ್ಲಿಂದಲೇ ಡಬ್ಬಿ ಹೋಗುತ್ತಿತ್ತು. ಬೇರೆಯವರ ಡಬ್ಬಿ ಮೂಲೆಯಲ್ಲಿ ಬಿರಿದು ಬಿಳಿಚಿಕೊಂಡರೆ ಇವನದು ಬಿರಿಯುತ್ತಿರಲಿಲ್ಲ. ಗುಟ್ಟೇನೂ ದೊಡ್ಡದಲ್ಲ. ಎಡಗೈಯಲ್ಲಿ ಸದಾ ಒಂದು ಒದ್ದೆ ಬಟ್ಟೆ ಇರುತ್ತಿತ್ತು. ಮಡಚುವ ಮೊದಲು ಕಾಗದವನ್ನು ಅದರಿಂದ ಒಂದು ಸಲ ಒರೆಸುತ್ತಿದ್ದ. ಎಂಥ ಮೊಂಡು ರಟ್ಟೂ ಹಸುಳೆಯಂತೆ ಮೆತ್ತಗಾಗಿ ಹೇಳಿದ ಕಡೆ ಬಾಗುತ್ತಿತ್ತು. ಅವನ ಹೆಂಡತಿ ಅಂಟು ಕುದಿಸುತ್ತಿದ್ದಳು. ಗಂಟಿಲ್ಲದ ಅಂಟು ಎಂದರೆ ಅವಳದೇ.

ಇಂಥವರ ಮನೆಯಲ್ಲಿ ಹುಟ್ಟಿದ ಮೇಲೆ ಡಬ್ಬಿಯಕ್ಕ ಇನ್ನೇನಾದಾಳು? ಅಪ್ಪನ ಕಣ್ಣು ಮಂದವಾದಾಗ ಶಾಲೆ ಬಿಟ್ಟು ಮೇಜಿನ ಮುಂದೆ ನಿಂತವಳು, ಅಪ್ಪ ತೀರಿಕೊಂಡ ಮೇಲೂ ಅಲ್ಲಿಂದ ಕದಲಲಿಲ್ಲ. ಒದ್ದೆ ಬಟ್ಟೆ ಅಪ್ಪನ ಕೈಯಿಂದ ಅವಳ ಕೈಗೆ ಬಂತು. ಯಾಕಮ್ಮಾ ಮದುವೆಯಾಗಲಿಲ್ಲ ಎಂದು ಯಾರಾದರೂ ಕೆಣಕಿದರೆ, "ಅಂಟು ಆರಲಿ ಅಂತ ಕಾಯ್ತಿದ್ದೆ, ಅಷ್ಟರಲ್ಲಿ ಗಂಡಿನ ಕಡೆಯವರು ಎದ್ದು ಹೋದ್ರು" ಎನ್ನುತ್ತಿದ್ದಳು. ಆಮೇಲೆ ಯಾರೂ ಆ ಮಾತೆತ್ತುತ್ತಿರಲಿಲ್ಲ.

ಕಾಲ ಬದಲಾಯಿತು. ಚಪ್ಪಲಿಯವರು ಚೀಲ ಹಿಡಿದರು, ಗುಳಿಗೆಯವರು ಪ್ಲಾಸ್ಟಿಕ್ ಹಿಡಿದರು. ಡಬ್ಬಿಯಕ್ಕನ ತಮ್ಮನೇ ಹೆಂಡತಿಯ ಮನೆಯವರ ಜೊತೆ ಸೇರಿ ಪ್ಲಾಸ್ಟಿಕ್ ಜಾರ್‌ಗಳ ವ್ಯಾಪಾರ ಶುರುಮಾಡಿದ. ಕೆಟ್ಟವನಲ್ಲ. ಅಕ್ಕನೆಂದರೆ ಪ್ರಾಣ. ಅದೇ ತೊಂದರೆಯಾಗಿತ್ತು.

"ಅಕ್ಕಾ, ಕೆಲಸಾನೇ ಇಲ್ಲದ ಮೇಲೆ ಈ ಕೋಣೆ ಬೀಗ ತೆಗೆದು ಹಾಕಿ ಮಾಡೋದ್ಯಾಕೆ? ನನ್ನ ಜಾರ್ ಇಡೋಕೆ ಜಾಗ ಸಾಲ್ತಿಲ್ಲ. ನೀನು ಬಂದು ನನ್ನ ಅಂಗಡೀಲಿ ಫ್ಯಾನ್ ಕೆಳಗೆ ಕೂತ್ಕೋ."

"ಕೂತು ಏನು ಮಾಡ್ಲಿ? ಫ್ಯಾನ್ ನೋಡ್ಲಾ?"

"ಈ ಮಳೆಗಾಲ ನೋಡು. ಕೆಲಸ ಬರಲಿಲ್ಲ ಅಂದ್ರೆ ಕೀಲಿ ನನಗೆ ಕೊಡು. ಸರಿನಾ?"

ಕೋಣೆಯಲ್ಲಿ ಅವನಿಗೂ ಪಾಲಿತ್ತು. ಅವಳು ಸರಿ ಎಂದಳು. ಹೇಳಿದ ಮಾತಿಗೆ ತಪ್ಪುವವಳಲ್ಲ.

ಅಷ್ಟರಲ್ಲಿ ಬೇಕರಿಯವರು ಬಂದರು. ನಮ್ಮದು ನದಿ ಸಮುದ್ರ ಸೇರುವ ಊರು. ಮಳೆಗಾಲದಲ್ಲಿ ಇಲ್ಲಿ ಬೆಂಕಿಪೊಟ್ಟಣ ಹೊತ್ತುವುದಿಲ್ಲ, ಉಪ್ಪಿನ ಜಾಡಿಯಲ್ಲಿ ಉಪ್ಪು ಗಂಜಿಯಾಗಿರುತ್ತದೆ. ಬೇಕರಿಯವರ ರಸ್ಕ್ ಬೇಸಿಗೆಯಲ್ಲಿ ಮುರಿದರೆ ಪಕ್ಕದ ಮನೆಗೆ ಕೇಳುತ್ತಿತ್ತು, ಮಳೆ ಹಿಡಿದರೆ ಮೂಕ.

"ಅಕ್ಕಾ, ತಗಡಿನ ಡಬ್ಬಿ ಈ ಉಪ್ಪುಗಾಳಿಗೆ ತುಕ್ಕು ಹಿಡೀತದೆ. ಪ್ಲಾಸ್ಟಿಕ್‌ನಲ್ಲಿ ಹಾಕಿದ್ರೆ ರಸ್ಕ್ ಬಕೆಟ್ ವಾಸನೆ ಹೊಡೀತದೆ. ಕಾಗದದಲ್ಲಿ ಆಗುತ್ತಾ ಹೇಳಿ. ಮಳೆ ಮುಗಿಯೋವರೆಗೂ ಗರಿಗರಿ ಉಳೀತು ಅಂದ್ರೆ ನನ್ನ ಡಬ್ಬಿ ಕೆಲಸ ಪೂರ್ತಿ ನಿಮ್ಮದು. ಆಗಲಿಲ್ಲ ಅಂದ್ರೆ ಬಕೆಟ್ ವಾಸನೆಯಾದ್ರೂ ಸರಿ, ನಿಮ್ಮ ತಮ್ಮನ ಹತ್ರಾನೇ ಹೋಗ್ತೀನಿ."

"ಆಗುತ್ತೆ" ಎಂದಳು ಡಬ್ಬಿಯಕ್ಕ. ಹೇಗೆ ಎಂಬುದು ಅವಳಿಗೂ ಆಗ ಗೊತ್ತಿರಲಿಲ್ಲ.

ಟೊಂಕ ಕಟ್ಟಿ ನಿಂತಳು. ಚೌಕ ಡಬ್ಬಿ ಬೇಡ, ಮೂಲೆ ಇದ್ದಲ್ಲಿ ಬಿರುಕು ಎಂದು ದುಂಡನೆಯ ಡಬ್ಬಿ ಆರಿಸಿಕೊಂಡಳು. ಮರದ ಅಚ್ಚಿನ ಮೇಲೆ ಮೊದಲು ಬಿಳಿ ಕಾಗದ, ಅದರ ಮೇಲೆ ಮೇಣದ ಕಾಗದ, ಹೊರಗೆ ದಪ್ಪ ಕಂದು ಕಾಗದ ಸುತ್ತಿದಳು. ಒಂದು ಪದರದ ಕೂಡುಗೆರೆಯ ಮೇಲೆ ಇನ್ನೊಂದು ಪದರದ ಕೂಡುಗೆರೆ ಬರದಂತೆ ನೋಡಿಕೊಂಡಳು. ತಳದ ಬಿಲ್ಲೆಯನ್ನು ಒಂದು ಬೆರಳು ಮೇಲಕ್ಕೆ ಕೂರಿಸಿ ಅಂಚನ್ನು ಒಳಕ್ಕೆ ಮಡಚಿದಳು, ನೆಲದ ತಂಡಿ ತಾಗದಿರಲಿ ಎಂದು. ಮುಚ್ಚಳಕ್ಕೆ ಎರಡು ಅಂಚು, ಒಂದು ಒಳಗೆ, ಒಂದು ಹೊರಗೆ. ಎಲ್ಲ ಮುಗಿಸಿ, ಹೊರಮೈಗೂ ಮುಚ್ಚಳದ ಅಂಚಿಗೂ ಮೇಣ ತಿಕ್ಕಿ, ಡಬ್ಬಿಯನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಮೇಲೊಂದು ಕಲ್ಲು ಹೇರಿದಳು. ಬೀದಿಯೆಲ್ಲ ಸೇರಿತು. ತೆಗೆದು ನೋಡಿದರೆ ಒಳಗಿಟ್ಟಿದ್ದ ಹತ್ತಿಯ ಉಂಡೆ ಇಟ್ಟಂತೆಯೇ ಇತ್ತು. ಅವಳ ತಾಯಿ ಹೊಸ್ತಿಲಲ್ಲಿ ಕೂತು, "ಅಂಟು ಯಾರದು ಕೇಳ್ರಪ್ಪಾ" ಎಂದಳು. ಯಾರೂ ಕೇಳದಿದ್ದರೂ, "ನಂದೇ" ಎಂದಳು.

ಮೊದಲ ಮಳೆಗೆ ರಸ್ಕ್ ತುಂಬಿದ ಡಬ್ಬಿಗಳು ಬೇಕರಿಯ ಕಪಾಟು ಹತ್ತಿದವು. ಕೆಲವು ವಾರ ಕಳೆದು ಬೇಕರಿಯವರು ಒಂದನ್ನು ತೆರೆದು ರಸ್ಕ್ ಮುರಿಯಹೋದರು. ಮುರಿಯಲಿಲ್ಲ, ಬಾಗಿತು.

"ಅಕ್ಕಾ, ಇದನ್ನ ಸುತ್ತಿ ಜೇಬಲ್ಲಿ ಇಟ್ಕೋಬಹುದು ನೋಡಿ."

ಅಲ್ಲಿದ್ದ ಗಿರಾಕಿಯೊಬ್ಬ, "ಹಲ್ಲಿಲ್ಲದವರಿಗೆ ಮಾತ್ರ ಅಂತ ಬೋರ್ಡ್ ಹಾಕ್ಬಿಡಿ, ಅದೂ ಒಂದು ವ್ಯಾಪಾರ" ಎಂದ. ಡಬ್ಬಿಯಕ್ಕ ಮುಖ ಗಂಟುಹಾಕಿಕೊಂಡು ಆ ಡಬ್ಬಿಯನ್ನು ಮನೆಗೆ ತಂದಳು. ತಾಯಿ ಒಂದು ರಸ್ಕ್ ಬಾಯಿಗೆ ಹಾಕಿಕೊಂಡು, "ಇದಕ್ಕೇನಾಗಿದೆ? ನನಗೆ ಇಷ್ಟು ಚೆನ್ನಾಗಿರೋ ರಸ್ಕ್ ಸಿಕ್ಕೇ ಇರಲಿಲ್ಲ" ಎಂದಳು.

ಡಬ್ಬಿಯಕ್ಕ ಎದೆಗುಂದಲಿಲ್ಲ. ಗಾಳಿ ಎಲ್ಲಿಂದಲೋ ನುಸುಳಿದೆ ಎಂದುಕೊಂಡು ಇನ್ನೊಂದು ಪದರ ಮೇಣದ ಕಾಗದ ಸುತ್ತಿದಳು, ಮುಚ್ಚಳದ ಸುತ್ತ ಕರಗಿದ ಮೇಣ ಹುಯ್ದಳು. ಈ ಸಲ ತೆರೆದರೆ ರಸ್ಕ್ ಮೆತ್ತಗಾದದ್ದು ಮಾತ್ರವಲ್ಲ, ಮುಗ್ಗಲು ವಾಸನೆಯೂ ಬಂತು. ಭದ್ರ ಮಾಡಿದಷ್ಟೂ ಕೆಡುತ್ತಿತ್ತು!

"ಇನ್ನೊಂದೇ ಸಲ ಅಕ್ಕಾ" ಎಂದರು ಬೇಕರಿಯವರು, ಮುಖ ನೋಡದೆ. "ಮಳೆ ಅರ್ಧ ಆಯ್ತು. ನನಗೂ ಗಿರಾಕಿಗಳಿದ್ದಾರೆ."

ತಮ್ಮ ಆ ವಾರವೇ ಬಂದು ಕೋಣೆಯ ಅಗಲ ಅಳೆದುಕೊಂಡು ಹೋದ.

ಮುಚ್ಚಳ ಎಷ್ಟು ಗಟ್ಟಿ ಎಂದು ನೋಡಲು ಡಬ್ಬಿಯಕ್ಕ ಆಗಷ್ಟೇ ಸುತ್ತಿದ ಒಂದು ಖಾಲಿ ಡಬ್ಬಿ ಮುಚ್ಚಿ, ಮೇಣ ಹುಯ್ದು, ಕಿಟಕಿಯ ಕಟ್ಟೆಯ ಮೇಲೆ ಇಟ್ಟಿದ್ದಳು. ಮಳೆ ಹೊಳವಾಗಿ ಮಧ್ಯಾಹ್ನವೆಲ್ಲ ಬಿಸಿಲು ಬಿತ್ತು. ಸಂಜೆ ತಂಪಾದ ಮೇಲೆ ಮುಚ್ಚಳ ಕಿತ್ತಳು. ಮುಚ್ಚಳದ ಒಳಮೈಗೆ ಬೆವರಿನಂತೆ ಸಣ್ಣ ಸಣ್ಣ ಹನಿಗಳು ಅಂಟಿಕೊಂಡಿದ್ದವು.

"ಅಮ್ಮಾ, ಬಾ ಇಲ್ಲಿ. ಇದರೊಳಗೆ ನೀರು ಎಲ್ಲಿಂದ ಬಂತು?"

"ಮಳೆಯಿಂದ."

"ಮಳೆ ಬಂದಿಲ್ಲ ಇವತ್ತು. ಬಂದಿದ್ರೂ ಮೇಣ ಹಾಕಿದ್ದೆ."

"ರಸ್ಕ್‌ನಿಂದ."

"ರಸ್ಕೇ ಇಲ್ಲ, ಖಾಲಿ ಡಬ್ಬಿ."

"ಹಾಗಾದ್ರೆ ನೀನೇ ಹಾಕಿರ್ಬೇಕು, ನನ್ನನ್ಯಾಕೆ ಕೇಳ್ತೀಯ?"

ತಾಯಿ ರೇಗಿ ಆಡಿದ ಮಾತು. ಡಬ್ಬಿಯಕ್ಕ ತನ್ನ ಎಡಗೈ ನೋಡಿಕೊಂಡಳು. ಕೈಯಲ್ಲಿ ಒದ್ದೆ ಬಟ್ಟೆ ಇತ್ತು.

ಕಾಗದಕ್ಕೆ ನೀರು ಕುಡಿಸಿ ಸುತ್ತಿದವಳು ಅವಳೇ. ಪದರಗಳ ನಡುವೆ ನೀರಿನ ಅಂಟು ಬಳಿದವಳೂ ಅವಳೇ. ಮೇಲೆ ಮೇಣ ಸುತ್ತಿದ್ದರಿಂದ ಆ ಪಸೆಗೆ ಹೊರಗೆ ದಾರಿಯಿಲ್ಲ. ಅದು ಒಳಗಿನ ಬಿಳಿ ಕಾಗದದಿಂದ ಇಳಿದು ರಸ್ಕ್ ಸೇರಿತ್ತು. ಇಡೀ ಮಳೆಗಾಲವನ್ನು ಹೊರಗಟ್ಟಿ, ಒಂದು ಬಟ್ಟೆ ನೀರನ್ನು ಒಳಗೆ ಕೂಡಿಹಾಕಿದ್ದಳು.

ತಾಯಿಗೆ ಇದನ್ನು ಹೇಳುವುದು ಮೇಣ ಹುಯ್ಯುವಷ್ಟು ಸುಲಭವಾಗಿರಲಿಲ್ಲ.

"ಅಂದ್ರೆ ನಿಮ್ಮಪ್ಪ ಮಾಡಿದ್ದೆಲ್ಲ ತಪ್ಪಾ? ನನ್ನ ಅಂಟು ಕೆಟ್ಟದ್ದಾ?"

"ಅಪ್ಪ ಚಪ್ಪಲಿಗೆ ಡಬ್ಬಿ ಮಾಡಿದ ಅಮ್ಮಾ. ಚಪ್ಪಲಿ ಮೆತ್ತಗಾಯ್ತು ಅಂತ ಯಾರಾದ್ರೂ ಬೈತಾರಾ? ಆ ಡಬ್ಬಿ ಉಸಿರಾಡ್ತಿತ್ತು, ನೀರು ತಾನಾಗೇ ಆರಿಹೋಗ್ತಿತ್ತು. ಇದರ ಬಾಯಿ ನಾನೇ ಹೊಲಿದಿದ್ದೀನಿ. ಒಳಗಿದ್ದದ್ದು ಎಲ್ಲಿಗೆ ಹೋಗ್ಬೇಕು?"

ತಾಯಿ ಮುಖ ತಿರುಗಿಸಿಕೊಂಡು ಒಳಗೆ ಹೋದಳು. ಮರುದಿನ ಬೆಳಿಗ್ಗೆ ಅಂಟಿನ ಪಾತ್ರೆಯನ್ನು ತಿಕ್ಕಿ ತೊಳೆದು ಮಗುಚಿಟ್ಟಳು. ಒದ್ದೆ ಬಟ್ಟೆಯನ್ನು ಹಿಂಡಿ ಒಣಗಿಸಿ ತನ್ನ ಮಣೆಯ ಮೇಲೆ ಹಾಸಿ ಅದರ ಮೇಲೆ ಕೂತಳು. "ಇನ್ನು ಈ ಬಟ್ಟೆ ಕೇಳು ನೋಡೋಣ, ಕೊಟ್ಟರೆ ನೋಡು" ಎಂದಳು. ಅದೇ ಅವಳ ಒಪ್ಪಿಗೆ.

ಬಟ್ಟೆಗೆ ಆ ಕಾವಲು ಬೇಕಾಗಿಯೇ ಇತ್ತು. ಡಬ್ಬಿಯಕ್ಕನ ಎಡಗೈ ದಿನವಿಡೀ ಬಟ್ಟೆಗಾಗಿ ಮೇಜು ತಡಕುತ್ತಿತ್ತು. ಬಟ್ಟೆಯಿಲ್ಲದೆ ಸುತ್ತಿದರೆ ಕಂದು ಕಾಗದ ಪಟಪಟನೆ ಬಿರಿಯುತ್ತಿತ್ತು. ಒಂದು ಹಾಳೆ ಸುತ್ತುವುದು, ಬಿರಿಯುವುದು, ಬೈದು ಎಸೆಯುವುದು. ಹಾಗೆ ಎಸೆದ ಹಾಳೆಗಳನ್ನು ಒಲೆಗೆಂದು ಹರಿಯುತ್ತಾ ಕೂತಾಗ ತಾಯಿ, "ಇದೇನೇ, ಒಂದು ಕಡೆಯಿಂದ ಹರಿದ್ರೆ ನೆಟ್ಟಗೆ ಬರ್ತದೆ, ಇನ್ನೊಂದು ಕಡೆಯಿಂದ ಹರಿದ್ರೆ ಸೊಟ್ಟ ಹೋಗ್ತದೆ" ಎಂದು ಗೊಣಗಿದಳು.

ಡಬ್ಬಿಯಕ್ಕ ಆ ಚೂರನ್ನು ಕಸಿದುಕೊಂಡಳು. ಬಟ್ಟೆಗೆ ಎಳೆಯಿರುವಂತೆ ಕಾಗದಕ್ಕೂ ನಾರಿನ ಓಟವಿತ್ತು. ನಾರಿನ ಗುಂಟ ಮಡಚಿದರೆ ಕಾಗದ ತಾನಾಗಿ ಸುರುಳಿಯಾಗುತ್ತಿತ್ತು. ಅಡ್ಡಕ್ಕೆ ಮಡಚಿದರೆ ಸೆಟೆದುಕೊಂಡು ಬಿರಿಯುತ್ತಿತ್ತು. ಆ ಮನೆಯವರು ಇದನ್ನು ಎಂದೂ ನೋಡಿರಲಿಲ್ಲ. ನೋಡುವ ಜರೂರೇ ಬಿದ್ದಿರಲಿಲ್ಲ, ಒದ್ದೆ ಬಟ್ಟೆ ಎಲ್ಲ ಕಾಗದವನ್ನೂ ಒಂದೇ ಥರ ಬಗ್ಗಿಸುತ್ತಿತ್ತಲ್ಲ. ಹಾಳೆ ಹಾಳಾಗದಂತೆ ಎತ್ತ ಕಡೆ ಹೊಂದುತ್ತದೋ ಅತ್ತ ಕತ್ತರಿಸಿಬಿಡುತ್ತಿದ್ದರು.

ಈಗ ಅವಳು ಪ್ರತಿ ಹಾಳೆಯ ಮೂಲೆ ಹರಿದು ನೋಡಿ, ನಾರು ಡಬ್ಬಿಯ ಉದ್ದಕ್ಕೆ ನಿಲ್ಲುವಂತೆ ಕತ್ತರಿಸಿದಳು. ಅಂಟಿನ ಬದಲು ಮೇಣದ ಕಾಗದವನ್ನೇ ನಡುವೆ ಇಟ್ಟು, ಸುತ್ತುತ್ತಾ ಸುತ್ತುತ್ತಾ ಇಸ್ತ್ರಿಪೆಟ್ಟಿಗೆ ಓಡಿಸಿದಳು. ಕರಗಿದ ಮೇಣ ಎರಡೂ ಕಡೆಯ ಕಾಗದವನ್ನು ಕಚ್ಚಿಕೊಂಡಿತು. ಮೊದಮೊದಲು ಕಾಗದ ಸುಟ್ಟಿತು, ಬೆರಳೂ ಸುಟ್ಟಿತು. ಬಿಡಲಿಲ್ಲ. ಕೈಗೆ ಬಿಸಿ ಎಷ್ಟು ಬೇಕೆಂಬುದು ತಿಳಿಯುವವರೆಗೂ ಸುತ್ತಿದಳು. ಕಾಗದದಲ್ಲಿ ಹುಟ್ಟಿನಿಂದಲೇ ಇರುವ ಪಸೆಯೂ ಹೋಗಲೆಂದು ಡಬ್ಬಿಗಳನ್ನು ಬಾಯಿ ತೆರೆದು ಬೇಕರಿಯ ಒಲೆಯ ನೆತ್ತಿಯ ಮೇಲೆ, ಮೇಣ ಕರಗದಷ್ಟು ದೂರದಲ್ಲಿ ಸಾಲಾಗಿ ನಿಲ್ಲಿಸಿದಳು. ರಸ್ಕ್ ಆರಿದ ಕೂಡಲೇ ಅಲ್ಲೇ ನಿಂತು ತುಂಬಿಸಿ, ಅಲ್ಲೇ ಮುಚ್ಚಿ ಮೇಣ ಹುಯ್ದಳು.

"ಅಕ್ಕಾ, ನೀವು ಹೀಗೆ ದಿನಾ ನನ್ನ ಒಲೆ ಮುಂದೆ ನಿಂತ್ರೆ ನೀವೂ ರಸ್ಕ್ ಆಗ್ತೀರ" ಎಂದರು ಬೇಕರಿಯವರು.

"ಆಗ್ಲಿ ಬಿಡಿ. ಮೆತ್ತಗಾಗದಿದ್ರೆ ಸಾಕು."

ಉಳಿದ ಮಳೆಗಾಲ ಸುರಿಯಿತು. ಗೋಡೆಗಳು ಹಸಿರಾದವು, ಬಾಗಿಲುಗಳು ಉಬ್ಬಿ ಮುಚ್ಚಲಾರದಾದವು. ಡಬ್ಬಿಯಕ್ಕ ಬೇಕರಿಯ ಬೀದಿಗೆ ಹೋಗುವುದನ್ನೇ ಬಿಟ್ಟಳು. ಕಪಾಟು ಕಂಡರೆ ಕೈ ತಡೆಯದು, ತೆರೆದು ನೋಡಿಬಿಡುತ್ತೇನೆ ಎಂಬ ಹೆದರಿಕೆ.

ಮಳೆ ನಿಂತ ಮೇಲೆ ಬೇಕರಿಯವರೇ ಹೇಳಿ ಕಳಿಸಿದರು. ಹೋದರೆ ತಮ್ಮನೂ ಬಂದಿದ್ದ. ಅವನ ಕೈಯಲ್ಲಿ ಜಾರ್ ಒಂದಿತ್ತು, ತೋರಿಸಲೆಂದು ತಂದದ್ದು. ಬೇಕರಿಯವರು ಕಪಾಟಿನ ಹಿಂದಿನ ಸಾಲಿನಿಂದ ಒಂದು ಡಬ್ಬಿ ತೆಗೆದರು. ಮೇಣ ಕಿತ್ತು ಮುಚ್ಚಳ ಎಳೆದರು. ಒಂದು ರಸ್ಕ್ ಎತ್ತಿ ಎರಡೂ ಕೈಯಲ್ಲಿ ಹಿಡಿದರು. ಪಟ್ ಎಂದಿತು. ಚೂರೊಂದು ಹಾರಿ ತಮ್ಮನ ಅಂಗಿಯ ಮೇಲೆ ಬಿತ್ತು. ಇನ್ನೊಂದು ಡಬ್ಬಿ ತೆರೆದರು, ಅದೂ ಹಾಗೆಯೇ. ಬೇಕರಿಯವರು ಅರ್ಧ ರಸ್ಕನ್ನು ಬಾಯಿಗೆ ಹಾಕಿಕೊಂಡು, ಅಗಿಯುತ್ತಲೇ, "ನಾಳೆಯಿಂದಲೇ ಶುರು ಮಾಡಿ ಅಕ್ಕಾ, ನನ್ನದೆಲ್ಲ ನಿಮ್ಮದೇ" ಎಂದರು. ಬಾಯಿಯ ಸದ್ದಿನಲ್ಲಿ ಅರ್ಧ ಮಾತು ಕೇಳಿಸಲೇ ಇಲ್ಲ.

ಡಬ್ಬಿಯಕ್ಕ ಉಳಿದರ್ಧ ರಸ್ಕನ್ನು ತಾನೂ ಮುರಿದು ನೋಡಿದಳು. ತಮ್ಮ ಜಾರನ್ನು ಮೆಲ್ಲಗೆ ಚೀಲಕ್ಕಿಳಿಸಿದ. ಅವನ ಮುಖದಲ್ಲಿ ಸೋಲಿಗಿಂತ ಸಂತೋಷವೇ ಹೆಚ್ಚಾಗಿತ್ತು, ಅದನ್ನು ಹೇಳಲೇಬೇಕು. ಮನೆಗೆ ನಡೆಯುವಾಗ ಅವನು ಅಕ್ಕನ ಪಕ್ಕಕ್ಕೆ ಬಂದ.

"ಅಕ್ಕಾ, ಕೋಣೆ ನಿನಗೇ ಇರಲಿ, ಆ ಮಾತು ಮುಗೀತು. ಆದ್ರೆ ಇಷ್ಟು ಡಬ್ಬಿ ನೀನೊಬ್ಬಳೇ ಇಸ್ತ್ರಿ ತಿಕ್ಕಿ ಮಾಡೋದು ಯಾವಾಗ? ನನ್ನ ಹತ್ರ ಒಂದು ಮೆಷಿನ್ ಇದೆ. ಒಳಗೆ ತೆಳ್ಳಗೆ ಒಂದು ಪ್ಲಾಸ್ಟಿಕ್ ಹಾಳೆ ಒತ್ತಿಬಿಡ್ತದೆ. ಯಾರಿಗೂ ಗೊತ್ತಾಗಲ್ಲ. ದುಡ್ಡು ಕೇಳ್ತಿಲ್ಲ, ಸುಮ್ನೆ ಕಳಿಸ್ತೀನಿ."

ಡಬ್ಬಿಯಕ್ಕ ನಿಂತಳು. ಬೆರಳ ತುದಿಯ ಸುಟ್ಟ ಗುಳ್ಳೆಯನ್ನು ಇನ್ನೊಂದು ಕೈಯಿಂದ ಸವರುತ್ತಾ ಹೇಳಿದಳು.

"ಬೇಡ ಕಣೋ. ನೀನು ಪ್ರೀತಿಯಿಂದಾನೇ ಹೇಳ್ತಿದ್ದೀಯ, ಗೊತ್ತು ನನಗೆ. ಆದ್ರೆ ನಾಳೆ ಒಂದು ಡಬ್ಬಿ ಕೆಟ್ಟರೆ, ಎಲ್ಲಿ ಕೆಟ್ಟಿತು ಅಂತ ನನ್ನ ಕೈಯನ್ನ ನಾನೇ ಕೇಳ್ಬೇಕು, ಅದು ನನಗೆ ಹೇಳ್ಬೇಕು. ನಿನ್ನ ಮೆಷಿನ್ನು ನನ್ನ ಜೊತೆ ಮಾತಾಡಲ್ಲ. ನಿಧಾನ ಆದ್ರೆ ಆಗ್ಲಿ. ನೀನು ಮನೆಗೆ ಹೋಗು, ನಾನು ಕಾಗದ ಕತ್ತರಿಸ್ಬೇಕು."