ನಾಲ್ಕು ಶಾಲು ಹೊದ್ದು ಓಡಿದವಳು

ಆಗುವುದಿಲ್ಲ ಎಂದವರು ನನ್ನ ಸೋದರಮಾವ. ಕಲ್ಯಾಣ್ ಸ್ಟೇಷನ್ನಿನ ಹೊರಗೆ ಅವರದೊಂದು ಸಣ್ಣ ವೆಜ್ ಹೋಟೆಲು. ನಮ್ಮ ಕನ್ನಡ ಮಂಡಳಿಯ ಮೀಟಿಂಗು ನಡೆಯುವುದೂ ಅಲ್ಲಿಯೇ, ಮಧ್ಯಾಹ್ನದ ಗಿರಾಕಿ ಇಳಿದ ಮೇಲೆ. ಈ ವರ್ಷದ ಸನ್ಮಾನ ಆಟಗಾರರಿಗೆ ಮಾಡೋಣ, ಬೇರೆ ಬೇರೆ ಆಟಗಳಲ್ಲಿ ದೊಡ್ಡ ಸಾಧನೆ ಮಾಡಿದ ನಮ್ಮವರನ್ನು ಕರೆಯೋಣ ಎಂದು ನಾನು ಹೇಳಿದೆ. ಮಾವ ಗಲ್ಲಾದ ಹಿಂದಿನಿಂದಲೇ ಕೈ ಆಡಿಸಿದರು.

"ಅದೆಲ್ಲ ಆಗ್ಲಿಕ್ಕಿಲ್ಲ ಮಾರಾಯ್ತಿ. ನಮ್ಮವರಲ್ಲಿ ಆಟಗಾರರು ಯಾರುಂಟು? ಕ್ಯಾರಂ ಆಡುವವರುಂಟು. ಇಸ್ಪೀಟು ಆಡುವವರಂತೂ ಇಲ್ಲೇ ಕೂತಿದ್ದಾರೆ."

ಕೂತವರು ನಕ್ಕರು. ನನಗೆ ಅವರ 'ಆಗ್ಲಿಕ್ಕಿಲ್ಲ' ಹೊಸದಲ್ಲ. ನನ್ನ ಅಪ್ಪ ಅದೇ ಹೋಟೆಲಿನ ಅಡುಗೆಯವರು. ನಾನು ಹನ್ನೆರಡನೇ ಕ್ಲಾಸು ಮುಗಿಸಿದಾಗ ಮಾವ ಅಪ್ಪನಿಗೆ, "ಭಾವ, ಡಿಗ್ರಿಗಿಗ್ರಿ ಎಲ್ಲ ನಮಗೆ ಹೇಳಿದ್ದಲ್ಲ, ಎಲ್ಲಿಯಾದರೂ ಕೆಲಸಕ್ಕೆ ಹಾಕುವ" ಎಂದಿದ್ದರು. ನಾನು ಬೆಳಿಗ್ಗೆ ಕೋಚಿಂಗ್ ಕ್ಲಾಸಿನಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳಿ, ಡೊಂಬಿವಲಿಯಿಂದ ಠಾಣೆಗೆ ಲೋಕಲ್‌ನಲ್ಲಿ ನಿಂತುಕೊಂಡೇ ಓದಿ ಬಿ.ಕಾಂ. ಮಾಡಿದೆ. ಅಪ್ಪನ ಕಡೆಗೂ ಅಮ್ಮನ ಕಡೆಗೂ ಅದೇ ಮೊದಲ ಪದವಿ. ಇದನ್ನು ಹೇಳಿಕೊಳ್ಳಲು ನನಗೆ ಏನೂ ಸಂಕೋಚವಿಲ್ಲ.

ಹುಡುಕಲು ಹೊರಟ ಮೇಲೆ ನಾನೇ ದಂಗಾದೆ. ದಿನಾ ಒಂದೇ ಗಾಡಿಯಲ್ಲಿ ಮೈಗೆ ಮೈ ತಾಗಿಸಿ ನಿಲ್ಲುವವರ ನಡುವೆ ಎಂಥೆಂಥವರಿದ್ದರು! ಶಹಾಡ್‌ನಲ್ಲಿ ಒಬ್ಬರು, ಕಾಪು ಕಡೆಯವರು, ಐವತ್ತು ದಾಟಿದವರು. ಕಾರ್ಖಾನೆಯ ಪಾಳಿ ಮುಗಿಸಿ ಎರಡು ಸ್ಟೇಷನ್ ಆಚೆಯ ಟಿಟ್ವಾಳದವರೆಗೆ ಓಡುತ್ತಾರೆ, ಓಡಿಯೇ ವಾಪಸು ಬರುತ್ತಾರೆ. ಒಂದು ಹಗಲು ಒಂದು ರಾತ್ರಿ ನಿಲ್ಲದೆ ಓಡುವ ಸ್ಪರ್ಧೆಗಳೆಂದರೆ ಅವರಿಗೆ ಹಬ್ಬ. ಅವರ ಮನೆಯಲ್ಲಿ ಕೂತಿದ್ದಾಗ ಕಾಲಿನ ಬೆರಳುಗಳ ಮೇಲೆ ನನ್ನ ಕಣ್ಣು ಬಿತ್ತು. ಎರಡಕ್ಕೆ ಉಗುರೇ ಇರಲಿಲ್ಲ. "ಅದು ಹೋಗ್ತದೆ, ಬರ್ತದೆ" ಎಂದರು, ಲೋಕಲ್ ಗಾಡಿಯ ವಿಷಯ ಹೇಳುವ ಹಾಗೆ. ಠಾಣೆಯಲ್ಲಿ ಮಲ್ಲಕಂಬದ ಹುಡುಗಿಯೊಬ್ಬಳು ಸಿಕ್ಕಿದಳು. ಹರಳೆಣ್ಣೆ ಹಚ್ಚಿದ ಕಂಬದ ಮೇಲೆ, ಬರೀ ಕಾಲಿನ ಹಿಡಿತದಲ್ಲಿ ತಲೆಕೆಳಗಾಗಿ ನೇತಾಡುತ್ತ, "ಅಕ್ಕ, ಕೂತ್ಕೊಳ್ಳಿ, ಬಂದೆ" ಎಂದಳು. ನವಿ ಮುಂಬಯಿಯಲ್ಲಿ ಒಬ್ಬರು ಅಪಘಾತದಲ್ಲಿ ಒಂದು ಕೈ ಕಳೆದುಕೊಂಡು, ಉಳಿದೊಂದು ಕೈಯಲ್ಲಿ ಸಮುದ್ರ ಈಜಿದವರು.

ನಾಲ್ಕನೆಯವಳು ಕಳಂಬೋಲಿಯ ಹುಡುಗಿ, ವೇಟ್‌ಲಿಫ್ಟರ್. ವಿಜಯಪುರದ ಕಡೆಯ ಮನೆತನ. ಅಪ್ಪ ಕಳಂಬೋಲಿಯ ಕಬ್ಬಿಣದ ಮಾರ್ಕೆಟ್ಟಿನಲ್ಲಿ ಕ್ರೇನ್ ನಡೆಸುತ್ತಾರೆ. "ಅವರಪ್ಪ ಮಿಷಿನ್ನಿಂದ ಎತ್ತತಾನ, ಇಕಿ ಕೈಲೆ ಎತ್ತತಾಳ" ಎಂದು ಅವಳ ಅಮ್ಮ ನನಗೆ ಪರಿಚಯ ಹೇಳಿದ್ದರು. ಹುಡುಗಿ ನನ್ನ ಭುಜಕ್ಕೂ ಬರುವುದಿಲ್ಲ. ತನ್ನ ಮೈತೂಕಕ್ಕಿಂತ ಎಷ್ಟೋ ಹೆಚ್ಚಿನ ಭಾರವನ್ನು ತಲೆಯ ಮೇಲೆ ಎತ್ತಿ ಹಿಡಿಯುತ್ತಾಳೆಂದರೆ ನಂಬುವುದು ಕಷ್ಟ.

ಕಾರ್ಯಕ್ರಮ ಮೇ ತಿಂಗಳ ಒಂದು ಭಾನುವಾರ, ಡೊಂಬಿವಲಿಯ ಶಾಲೆಯೊಂದರ ಸಭಾಂಗಣದಲ್ಲಿ. ನಮ್ಮ ಕ್ರಮದಂತೆ ಮೊದಲು ಸಭೆ, ಆಮೇಲೆ ಊಟ. ಆದರೆ ಅಂದು ರೈಲ್ವೆಯ ಮೆಗಾಬ್ಲಾಕ್, ಹಳಿ ದುರಸ್ತಿಗೆಂದು ಅರ್ಧ ಗಾಡಿಗಳು ಬಂದ್. ಮುಖ್ಯ ಅತಿಥಿಗಳು, ಒಬ್ಬ ನಿವೃತ್ತ ಬ್ಯಾಂಕ್ ಅಧಿಕಾರಿ, ಗಾಡಿ ಮುಲುಂಡ್‌ನಲ್ಲೇ ನಿಂತಿದೆ ಎಂದು ಫೋನ್ ಮಾಡಿದರು. ಭಾನುವಾರದ ಮೆಗಾಬ್ಲಾಕ್ ಮರೆತು ಅತಿಥಿಗಳನ್ನು ಕರೆಯುವುದು ನಮ್ಮ ಮಂಡಳಿಗೆ ರೂಢಿಯೇ. ಅಡುಗೆಯ ಉಸ್ತುವಾರಿ ಮಾವನದು. ಅನ್ನ ಆರುತ್ತದೆ ಎಂದು ಅವರು ಒಂದೇ ಸಮ ಗಡಿಬಿಡಿ ಮಾಡಿದರು. ಸರಿ, ಊಟವೇ ಮೊದಲಾಗಲಿ ಎಂದಾಯಿತು.

ಸನ್ಮಾನಿತರಿಗೆ ಮುಂದಿನ ಸಾಲು. ಮಾವ ಹೋಳಿಗೆಯ ತಟ್ಟೆ ಹಿಡಿದು ತಾವೇ ಬಂದರು. ಕಳಂಬೋಲಿಯ ಹುಡುಗಿ ಎಲೆಯ ಮೇಲೆ ಕೈ ಅಡ್ಡ ಹಿಡಿದಳು.

"ಬಸ್ ಅಂಕಲ್, ಬಸ್."

"ಎಂತ ಬಸ್ಸು? ಭಾರ ಎತ್ತುವವಳು ನೀನು. ಗುಬ್ಬಿ ತಿಂದ ಹಾಗೆ ತಿಂದ್ರೆ ಎತ್ತುವುದು ಹೇಗೆ? ಕೈ ತೆಗಿ. ಇದು ನಾನೇ ಲಟ್ಟಿಸಿದ್ದು."

ಕೈ ತೆಗೆದಳು. ಎರಡು ಹೋಳಿಗೆ ಬಿತ್ತು, ಮೇಲೆ ತುಪ್ಪ. ಹಿಂದೆಯೇ ಪಾಯಸ ಬಂತು, ಮತ್ತೆ ಪಾಯಸ ಬಂತು. ಬೇಡ ಎಂದವರಿಗೆ ಇನ್ನೊಂದು ಸೌಟು ಹೆಚ್ಚು ಬಡಿಸುವುದೇ ನಮ್ಮಲ್ಲಿ ಉಪಚಾರ. ಅವಳು ತಲೆ ತಗ್ಗಿಸಿ ಎಲ್ಲವನ್ನೂ ಉಂಡಳು. ಎಲೆ ತೊಳೆದಿಟ್ಟ ಹಾಗಿತ್ತು. ಮಾವ ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು, ನೋಡಿದೆಯಾ ಎನ್ನುವಂತೆ.

ಕೈ ತೊಳೆಯುವ ನಲ್ಲಿಯ ಹತ್ತಿರ ಅವಳು ತನ್ನ ಬ್ಯಾಗಿನಿಂದ ತೂಕ ನೋಡುವ ಚಪ್ಪಟೆ ಮಿಷಿನ್ ತೆಗೆದು ನೆಲದ ಮೇಲಿಟ್ಟಳು. ನಿಂತಳು. ಇಳಿದಳು. ಕಿವಿಯ ರಿಂಗು ಬಿಚ್ಚಿ ಮತ್ತೆ ನಿಂತಳು. ಏನಾಯಿತು ಎಂದು ಕೇಳಿದೆ. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ.

"ದೀದಿ, ಏಕ್ ಕಿಲೋ ಊಪರ್."

ಒಂದು ಕಿಲೋ ಹೆಚ್ಚು. ಅಷ್ಟರಲ್ಲಿ ಅವಳ ಅಮ್ಮ ಹಿಂದಿನ ಸಾಲಿನಿಂದ ಎದ್ದು ಬಂದರು. ವಿಷಯ ತಿಳಿದದ್ದು ಅವರಿಂದ. ಮರುದಿನ ಬೆಳಿಗ್ಗೆ ಠಾಣೆಯಲ್ಲಿ ಆಯ್ಕೆ ಸ್ಪರ್ಧೆ. ಮೊದಲ ಮೂರು ಸ್ಥಾನದವರಿಗೆ ರಾಜ್ಯದ ತರಬೇತಿ ಶಿಬಿರ. ಅದಕ್ಕೆ ಮೊದಲು ತೂಕ ಕೊಡಬೇಕು. ಅವಳ ವರ್ಗದ ಮಿತಿಗಿಂತ ಚೂರು ಹೆಚ್ಚಿದ್ದರೂ ಆ ವರ್ಗದಲ್ಲಿ ಬಾರ್ ಮುಟ್ಟಲೂ ಬಿಡುವುದಿಲ್ಲ. ವಾರದಿಂದ ಬೇಯಿಸಿದ ತರಕಾರಿ ತಿಂದು ಆ ಗೆರೆಯ ಮೇಲೆ ನಿಂತಿದ್ದ ಹುಡುಗಿಯನ್ನು ನಾವು ಅರ್ಧ ಗಂಟೆಯಲ್ಲಿ ಆಚೆಗೆ ತಳ್ಳಿದ್ದೆವು, ಪ್ರೀತಿಯಿಂದ.

ಮಾವನ ಮುಖ ಬಿಳಿಚಿಕೊಂಡಿತು. "ಹೇಳ್ಬಾರದಿತ್ತಾ ಮಗಾ?"

"ಆಪ್ ಬಡೇ ಹೋ, ಅಂಕಲ್" ಎಂದಳು. ದೊಡ್ಡವರು ಬಡಿಸಿದರೆ ಬಿಡುವುದು ಹೇಗೆ?

"ಎಲಿಯಾಗ ಅಗಳು ಬಿಡಬಾರದಂತ ನಾನ ಕಲಿಸೀನ್ರಿ" ಎಂದು ಅವಳ ಅಮ್ಮ ಹಣೆ ಚಚ್ಚಿಕೊಂಡರು. "ಉಳದಿದ್ದು ಒಂದೂ ಕೇಳಂಗಿಲ್ಲ, ಇದೊಂದು ಕೇಳ್ಯಾಳ."

ಹುಡುಗಿ ಅಳಲಿಲ್ಲ. ಬೆವರಬೇಕು, ದಪ್ಪ ಬಟ್ಟೆ ಬೇಕು ಎಂದಳು. ಮೇ ತಿಂಗಳ ಡೊಂಬಿವಲಿಯಲ್ಲಿ ಸ್ವೆಟರ್ ಎಲ್ಲಿಂದ ತರುವುದು? ವಾಚ್‌ಮನ್ ಕೋಣೆಯ ಮೊಳೆಯಲ್ಲಿ ಒಂದು ರೈನ್‌ಕೋಟ್ ತೂಗುತ್ತಿತ್ತು. ಅದು ಒಂದೇ ಸಾಲದು ಎಂದಳು. ಆಗ ಮಾವ ವೇದಿಕೆ ಹತ್ತಿದರು. ಮೇಜಿನ ಮೇಲೆ ಸನ್ಮಾನದ ನಾಲ್ಕು ಶಾಲುಗಳು ಪ್ಲಾಸ್ಟಿಕ್ ಕವರಿನಲ್ಲಿ ಮಿಂಚುತ್ತಿದ್ದವು. ನಮ್ಮ ಕಡೆಯ ಸನ್ಮಾನದ ಶಾಲು ಯಾರೂ ಹೊದೆಯುವುದಿಲ್ಲ. ಕಪಾಟಿನಲ್ಲಿ ಕೂತು ಮುಂದೊಂದು ದಿನ ಬೇರೆ ಯಾರದೋ ಹೆಗಲಿಗೆ ಹೋಗುತ್ತದೆ. ಮಾವ ಕವರುಗಳನ್ನು ಹಲ್ಲಿನಿಂದ ಹರಿದು ನಾಲ್ಕೂ ಶಾಲುಗಳನ್ನು ತಂದರು. ಅಮ್ಮ ಮಗಳ ಮೈಗೆ ಅವನ್ನು ಸುತ್ತಿ, ಸೇಫ್ಟಿಪಿನ್ ಹಾಕಿ, ಮೇಲೆ ರೈನ್‌ಕೋಟ್ ತೊಡಿಸಿದರು.

ಶಾಲೆಯ ಅಂಗಳದಲ್ಲಿ ಅವಳು ಓಡತೊಡಗಿದಳು. ನೆಲ ಕಾದ ಕಾವಲಿ. ನಾವು ಜಗಲಿಯ ನೆರಳಿನಲ್ಲಿ ನಿಂತಿದ್ದರೂ ಬೇಯುತ್ತಿದ್ದೆವು. ಮೊದಲು ಅವಳು ಸಿಟ್ಟಿನಿಂದ ಓಡುತ್ತಿದ್ದಳೋ ಏನೋ, ತುಂಬ ಜೋರಿತ್ತು. ಶಹಾಡ್‌ನವರು ಚಪ್ಪಲಿ ಬಿಚ್ಚಿಟ್ಟು, ಪಂಚೆ ಎತ್ತಿ ಕಟ್ಟಿ, ಅವಳ ಪಕ್ಕಕ್ಕೆ ಹೋಗಿ ಸೇರಿಕೊಂಡರು.

"ನಿಧಾನ ಮಗಾ. ನನ್ನ ಹತ್ರ ಮಾತಾಡುವಷ್ಟು ಉಸಿರು ಇಟ್ಟುಕೊ. ಮಾತು ನಿಂತ್ರೆ ನಡಿ."

ಅವರು ಆಗಷ್ಟೇ ಮೂರು ಹೋಳಿಗೆ ಉಂಡಿದ್ದರು. ಬರಿಗಾಲಿನಲ್ಲಿ ಆ ಕಾದ ನೆಲದ ಮೇಲೆ ಅವರ ಪಾದ ಊರಿದ್ದೇ ಕಾಣಲಿಲ್ಲ. ನವಿ ಮುಂಬಯಿಯ ಈಜುಗಾರರು ಬಾಟಲಿಯನ್ನು ಕಂಕುಳಲ್ಲಿ ಒತ್ತಿ ಹಿಡಿದು, ಒಂದೇ ಕೈಯಲ್ಲಿ ಮುಚ್ಚಳ ತಿರುಗಿಸಿ, ಪ್ರತಿ ಸುತ್ತಿಗೂ ಅವಳೆದುರು ನಿಲ್ಲುತ್ತಿದ್ದರು. "ಬಾಯಿ ಮುಕ್ಕಳಿಸು, ಉಗಿ. ನುಂಗಬೇಡ. ಸುತ್ತ ಪೂರಾ ನೀರಿದ್ದೂ ಒಂದು ಹನಿ ನುಂಗದೆ ಹೋಗುವುದು ನನಗೆ ಗೊತ್ತು." ಅವಳ ಮೀನಖಂಡ ಹಿಡಿದುಕೊಂಡಾಗ ಮಲ್ಲಕಂಬದ ಹುಡುಗಿ ನೆಲದ ಮೇಲೆ ಕೂತು ಆ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಹೆಬ್ಬೆರಳಿನಿಂದ ಸ್ನಾಯುವನ್ನು ಬಿಡಿಸಿದಳು. ಅವಳ ಕೈಯ ಬಲ ನೋಡಿ ಕಳಂಬೋಲಿಯವಳೇ ಕಣ್ಣರಳಿಸಿದಳು.

ಅವರು ನಾಲ್ವರೂ ಅಂದು ಬೆಳಿಗ್ಗೆಯವರೆಗೆ ಒಬ್ಬರನ್ನೊಬ್ಬರು ಕಂಡವರಲ್ಲ. ಒಬ್ಬರ ಆಟದ ನಿಯಮ ಇನ್ನೊಬ್ಬರಿಗೆ ತಿಳಿಯದು. ಆದರೆ ಮೈಯ ವಿಷಯಕ್ಕೆ ಬಂದರೆ, ದಣಿವು ಎಲ್ಲಿ ಶುರುವಾಗುತ್ತದೆ, ಎಲ್ಲಿ ಸುಳ್ಳು ಹೇಳುತ್ತದೆ ಎನ್ನುವುದೆಲ್ಲ ಅವರಿಗೆ ಒಡಹುಟ್ಟಿದವರ ಹಾಗೆ ಗೊತ್ತಿತ್ತು. ನನಗೆ ಮೈ ಜುಂ ಎಂದಿತು. ಅಷ್ಟು ಹತ್ತಿರದಿಂದ ಅಂಥವರನ್ನು ನೋಡುವ ಯೋಗ ಎಷ್ಟು ಜನರಿಗೆ ಸಿಗುತ್ತದೆ?

ಮುಖ್ಯ ಅತಿಥಿಗಳು ಕೊನೆಗೂ ಬಂದಾಗ ಸಭಾಂಗಣದಲ್ಲಿ ಫ್ಯಾನುಗಳು ಮಾತ್ರ ತಿರುಗುತ್ತಿದ್ದವು. ಜನರೆಲ್ಲ ಅಂಗಳದ ಸುತ್ತ ನಿಂತಿದ್ದರು. ಯಾರೋ ಅವರಿಗೆ ಕಥೆ ಹೇಳಿದರು. ಅವರು ಭಾಷಣದ ಕಾಗದ ಜೇಬಿಗೆ ಹಾಕಿ, ತಾವೂ ಅಲ್ಲಿಯೇ ನಿಂತು ಚಪ್ಪಾಳೆ ತಟ್ಟತೊಡಗಿದರು. ಸಭೆ ನಡೆಯಲೇ ಇಲ್ಲ. ಮೂವರಿಗೆ ಅಲ್ಲಿಯೇ ಜಗಲಿಯ ಮೇಲೆ ಪ್ರಶಸ್ತಿ ಪತ್ರ ಕೊಟ್ಟದ್ದಾಯಿತು. ಕಳಂಬೋಲಿಯವಳು ಮಾತ್ರ, ಸ್ಪರ್ಧೆ ಮುಗಿಯಲಿ, ನಾಳೆ ತಗೊಳ್ಳುತ್ತೇನೆ ಎಂದಳು. ಶಾಲುಗಳನ್ನು ಹಿಂಡಿದರೆ ನೀರು ಬರುತ್ತಿತ್ತು.

ಸೋಮವಾರ ನಾನು ಆಫೀಸಿಗೆ ರಜೆ ಹಾಕಿದೆ. ಡೊಂಬಿವಲಿ ಪ್ಲಾಟ್‌ಫಾರ್ಮಿನಲ್ಲಿ ನೋಡಿದರೆ ಮಾವ! ಹೋಟೆಲನ್ನು ಅಪ್ಪನಿಗೆ ಒಪ್ಪಿಸಿ ಬಂದಿದ್ದರು. ಕಂಕುಳಲ್ಲಿ ಪೇಪರು ಸುತ್ತಿದ, ಗಾಜಿನ ಫ್ರೇಮು ಹಾಕಿದ ಅವಳ ಪ್ರಶಸ್ತಿ ಪತ್ರ.

ತೂಕದ ಕೋಣೆಯ ಒಳಗೆ ನಮ್ಮನ್ನು ಬಿಡಲಿಲ್ಲ. ಬಾಗಿಲ ಹೊರಗೆ ಅವಳ ಅಮ್ಮ ಸೆರಗಿನ ತುದಿ ಕಚ್ಚಿಕೊಂಡು ನಿಂತಿದ್ದರು. ಹುಡುಗಿ ಒಮ್ಮೆ ಹೊರಗೆ ಬಂದಳು. ಇನ್ನೂ ಕೂದಲೆಳೆಯಷ್ಟು ಹೆಚ್ಚು. ಗೋಡೆಯ ಪಕ್ಕ ಕುಣಿದಳು, ಬಕೆಟ್ಟಿಗೆ ಉಗುಳಿದಳು, ಮತ್ತೆ ಒಳಗೆ ಹೋದಳು. ತುಟಿ ಒಡೆದಿತ್ತು, ಕಣ್ಣು ಒಳಕ್ಕೆ ಹೋಗಿತ್ತು. ಮಾವ ಗೋಡೆಯ ಕಡೆ ತಿರುಗಿ ಏನೋ ಗೊಣಗುತ್ತಿದ್ದರು. ಎರಡನೇ ಸಲ ಬಾಗಿಲು ತೆರೆದಾಗ ಅವಳು ಅಮ್ಮನ ಕೈಯಿಂದ ನೀರಿನ ಬಾಟಲಿ ಕಿತ್ತುಕೊಂಡು ಗಟಗಟ ಕುಡಿದಳು. ನಮಗೆ ಬೇರೆ ಉತ್ತರ ಬೇಕಾಗಲಿಲ್ಲ.

ಎತ್ತುವುದನ್ನು ನಾನು ಟೀವಿಯಲ್ಲಿ ನೋಡಿದ್ದೆ. ಎದುರಿನಲ್ಲಿ ನೋಡುವುದೇ ಬೇರೆ. ಅವಳು ಕೈಗೆ ಬಿಳಿ ಪುಡಿ ಹಚ್ಚಿಕೊಂಡು ಬಂದು ಬಾರಿನ ಮುಂದೆ ನಿಂತಾಗ ಆ ದೊಡ್ಡ ಹಾಲಿನಲ್ಲಿ ಸದ್ದಡಗಿತು. ಕೊನೆಯ ಸರದಿ ಅದು. ಬಿಟ್ಟರೆ ಮೂರನೇ ಸ್ಥಾನ ಕೈತಪ್ಪುತ್ತದೆ. ಬಾರು ಮೊದಲು ಎದೆಗೆ ಬಂತು. ಅಲ್ಲಿಯೇ ನಿಂತಿತು. ಮೊಣಕಾಲು ನಡುಗಿದ್ದು ನನಗೆ ಕಂಡಿತು. ಇಷ್ಟೇ ಇರಬೇಕು ಎಂದುಕೊಂಡೆ. ಅವಳು ಹಾಗೆಂದುಕೊಳ್ಳಲಿಲ್ಲ. ಒಂದು ಸಲ ಕುಗ್ಗಿ, ಕೂಗಿ, ಕಾಲು ಹಿಂದೆಮುಂದೆ ಚಾಚಿದಳು. ಬಾರು ತಲೆಯ ಮೇಲೆ ಹೋಯಿತು. ಎರಡೂ ತುದಿಯ ಪ್ಲೇಟುಗಳು ಅದುರುತ್ತಿದ್ದವು, ಅವಳು ಅದುರುತ್ತಿರಲಿಲ್ಲ. ಎತ್ತಿದ್ದು ಸರಿ ಎನ್ನುವ ತೀರ್ಪುಗಾರರ ಬಿಳಿ ದೀಪಗಳು ಹೊತ್ತಿದವು. ಭಾರ ಕೆಳಗೆ ಬಿದ್ದ ಸದ್ದು ನಾನು ಕೂತ ಕುರ್ಚಿಯವರೆಗೆ ಬಂತು.

ಮೂರನೇ ಸ್ಥಾನ.

ಹೊರಗಿನ ಓಣಿಯಲ್ಲಿ, ಮೈಕಿಲ್ಲದೆ ಹಾರವಿಲ್ಲದೆ, ಮಾವ ಪೇಪರು ಬಿಚ್ಚಿ ಪ್ರಶಸ್ತಿ ಪತ್ರವನ್ನು ಎರಡೂ ಕೈಯಲ್ಲಿ ಅವಳಿಗೆ ಕೊಟ್ಟರು. ಅವಳ ಬೆರಳಿನ ಬಿಳಿ ಪುಡಿ ಗಾಜಿನ ಮೇಲೆ ಮೂಡಿತು. ಅವಳು ನಿಧಾನವಾಗಿ ಅಕ್ಷರ ಕೂಡಿಸಿ ಓದುತ್ತಿದ್ದರೆ, ಮಾವ ಅವಳ ಹೆಗಲ ಮೇಲಿನಿಂದ ತಾವೂ ಓದಿದರು. ಅದನ್ನು ಬರೆದವಳು ನಾನು. ಓದಿ ಮುಗಿಸಿ ನನ್ನ ಕಡೆ ತಿರುಗಿದರು.

"ಡಿಗ್ರಿ ಮಾಡಿದವಳು ನೀನು. ಆದ್ರೂ ಕಮ್ಮಿಯೇ ಬರೆದಿದ್ದೀಯಲ್ಲ ಮಾರಾಯ್ತಿ."