ಬಲ್ಮಠದ ಏರಿನಲ್ಲಿ ಬೊಳ್ಳ ಬಿದ್ದದ್ದು

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಹಿಂದಿನ ಬೇಸಿಗೆ. ಬೆಳಿಗ್ಗೆ ಕಚೇರಿಗಳು ತೆರೆಯುವ ಹೊತ್ತು. ನಾನು ನಿಂತಿದ್ದದ್ದು ಮಂಗಳೂರಿನ ಬಲ್ಮಠದ ಏರಿನ ನಡುವೆ, ಒಂದು ಸೋಡಾ ಅಂಗಡಿಯ ಎದುರು, ಹೆಂಚು ತುಂಬಿದ ಎತ್ತಿನ ಗಾಡಿಯ ಎಡಗಾಲಿಯ ಪಕ್ಕದಲ್ಲಿ. ಕೈ ಚಾಚಿದರೆ ಗಾಲಿ ಸಿಗುತ್ತಿತ್ತು. ಅಲ್ಲಿ ಇಲ್ಲದವರೂ ಈ ಸಂಗತಿಯನ್ನು ತಮಗೆ ತೋಚಿದಂತೆ ಹೇಳಿದ್ದಾರೆ. ಆದ್ದರಿಂದ ನಾನು ಇದ್ದ ಜಾಗವನ್ನು ಮೊದಲೇ ಬರೆಯುತ್ತಿದ್ದೇನೆ.

ಹೊಳೆಬದಿಯ ಹೆಂಚಿನ ಕಾರ್ಖಾನೆಯೊಂದರಲ್ಲಿ ನಾನು ಆಗ ಗುಮಾಸ್ತ. ಕದ್ರಿಯಲ್ಲಿ ಏಳುತ್ತಿದ್ದ ಒಂದು ಮನೆಗೆ ಹೆಂಚು ಒಪ್ಪಿಸಲು ಗಾಡಿಯ ಜೊತೆ ನಡೆದು ಹೊರಟಿದ್ದೆ. ಗಾಡಿ ಮೋನಪ್ಪಣ್ಣನದು. ಊರಿನ ಗೇಣಿ ಗದ್ದೆ ಬಿಟ್ಟು ಪೇಟೆಗೆ ಬಂದವರು. ಎಡದ ಬಿಳಿ ಎತ್ತು ಬೊಳ್ಳ. ಅದು ಕರುವಾಗಿದ್ದಾಗಿನಿಂದ ಅವರ ಕೈಯಲ್ಲೇ ಬೆಳೆದದ್ದು. ಅದರ ಹೆಗಲಲ್ಲಿ ನೊಗ ಉಜ್ಜಿ ಹುಣ್ಣಾಗಿತ್ತು.

ಆ ವರ್ಷ ಹೊಸದಾಗಿ ಬಂದ ದನದ ಡಾಕ್ಟರೊಬ್ಬರು ಶನಿವಾರ ಸಂಜೆ ಕಾರ್ಖಾನೆಯ ಅಂಗಳಕ್ಕೆ ಬಂದು ಗಾಡಿಯವರಿಗೆ ಪಾಠ ಹೇಳುತ್ತಿದ್ದರು. ಯಾರೂ ಕರೆದದ್ದಲ್ಲ. ಘಟ್ಟದ ಮೇಲಿನ ಬಯಲುಸೀಮೆಯವರು. ಅವರು ಗಾಡಿಯ ಮೂಕಿಯನ್ನು, ನೊಗ ಕಟ್ಟುವ ಮುಂದಿನ ಉದ್ದ ಮರವನ್ನು, ಕೈಯಲ್ಲಿ ಎತ್ತಿ ತೋರಿಸುತ್ತಿದ್ದರು.

“ಮುಂದೆ ಭಾರ ಬಿದ್ದರೆ ನೊಗ ಹೆಗಲನ್ನು ತಿನ್ನುತ್ತದೆ. ಹುಣ್ಣಿಗೆ ಬರೆ ಹಾಕಿದರೂ ಗೇರೆಣ್ಣೆ ಹಚ್ಚಿದರೂ ವಾಸಿಯಾಗುವುದಿಲ್ಲ. ಹೇರನ್ನು ಹಿಂದಕ್ಕೆ ಸರಿಸಿ.”

ಗಾಡಿಯವರು ಬೀಡಿ ಸೇದುತ್ತಾ ಕೇಳುತ್ತಿದ್ದರು. “ಎತ್ತುಗಳಿಗೆ ಪರೀಕ್ಷೆ ಯಾವಾಗ ಡಾಕ್ಟ್ರೇ?” ಎಂದ ಒಬ್ಬ.

“ಬೊಳ್ಳ ಪಾಸಾಗ್ತದೆ. ಮೋನಪ್ಪಣ್ಣ ಆಗುದಿಲ್ಲ ಮಾರಾಯ!” ಎಂದ ಇನ್ನೊಬ್ಬ.

ಮೋನಪ್ಪಣ್ಣ ನಗಲಿಲ್ಲ. “ನಗಾಡಿ ನೀವು. ಹುಣ್ಣು ಇರುದು ನಿಮ್ಮ ಹೆಗಲಲ್ಲಿ ಅಲ್ಲವಲ್ಲ” ಎಂದರು. ಆ ಗುಂಪಿನಲ್ಲಿ ಪಾಠವನ್ನು ಮನಸ್ಸಿಗೆ ಹಾಕಿಕೊಂಡವರು ಅವರೊಬ್ಬರೇ.

ಅಂದು ಬೆಳಿಗ್ಗೆ ಅವರು ಹೆಂಚನ್ನೆಲ್ಲ ಗಾಡಿಯ ಹಿಂಭಾಗಕ್ಕೆ ಒತ್ತಿ ಜೋಡಿಸಿದರು. ಸಪಾಟು ರಸ್ತೆಯಲ್ಲಿ ಬೊಳ್ಳ ಹಗುರವಾಗಿ ನಡೆಯಿತು. “ನೋಡಿ ಗುಮಾಸ್ತರೇ, ನೊಗ ತಾಗುದೇ ಇಲ್ಲ” ಎಂದು ದಾರಿಯಲ್ಲಿ ನನಗೆ ತೋರಿಸಿದರು. ಅವರ ಮುಖದಲ್ಲಿ ಸಂತೋಷವಿತ್ತು.

ಬಲ್ಮಠದ ಏರು ಅರ್ಧ ಹತ್ತಿದಾಗ ಗಾಡಿ ಹಿಂದಕ್ಕೆ ವಾಲಿತು. ಹಿಂದಿನ ಭಾರ ಜಗ್ಗಿ ಮೂಕಿ ಮೇಲೆದ್ದಿತು. ಅದರ ಜೊತೆ ನೊಗವೂ ಎದ್ದು, ಎತ್ತುಗಳ ಕೊರಳ ಹಗ್ಗ ಗಂಟಲಿಗೆ ಬಿಗಿಯಿತು. ಬಲದ ಎತ್ತಿನ ಹಗ್ಗ ಕಿತ್ತುಹೋಗಿ ಅದು ಪಾರಾಯಿತು. ಬೊಳ್ಳನ ಹಗ್ಗ ಹೊಸದು. ಬೊಳ್ಳ ನೊಗಕ್ಕೆ ನೇತುಬಿದ್ದಿತು. ಮುಂಗಾಲು ನೆಲ ಬಿಟ್ಟಿತ್ತು.

ಮೋನಪ್ಪಣ್ಣ ಮೂಕಿಗೆ ಜೋತುಬಿದ್ದರು. ನಾನೂ ಓಡಿಹೋಗಿ ಜೋತುಬಿದ್ದೆ. ಅದು ಇಳಿಯಲಿಲ್ಲ. ಸೋಡಾ ಅಂಗಡಿಯ ವಿಠಲಣ್ಣ ಲಿಂಬೆ ಕೊಯ್ಯುವ ಚೂರಿ ಹಿಡಿದು ಹಾರಿ ಬಂದ. “ಬಿಡಿ, ಬಿಡಿ, ಕೈ ತೆಗೀರಿ!” ಎಂದು ಕೂಗಿ ಹಗ್ಗ ಕೊಯ್ದ. ಬೊಳ್ಳ ಕೆಳಗೆ ಬಿತ್ತು. ಗಾಡಿ ಹಿಂದಕ್ಕೆ ಮಗುಚಿ ಹೆಂಚು ರಸ್ತೆಯ ಮೇಲೆ ಚೂರಾಯಿತು.

ಕದ್ರಿಯ ಕಡೆಯಿಂದ ಕೆಲಸಕ್ಕೆ ಇಳಿಯುತ್ತಿದ್ದ ಡಾಕ್ಟರು ಸೈಕಲನ್ನು ಅಲ್ಲೇ ಬಿಸಾಡಿ ಬಂದರು. ನಾಲಗೆಯನ್ನು ಹೊರಗೆಳೆದರು. ಪಕ್ಕೆಲುಬನ್ನು ಎರಡು ಕೈಯಲ್ಲಿ ಒತ್ತಿ ಬಿಟ್ಟರು, ಮತ್ತೆ ಒತ್ತಿದರು. ಬೆವರು ಸುರಿಯುವವರೆಗೂ ಒತ್ತಿದರು. ಕೊನೆಗೆ ಎದೆಗೆ ಕಿವಿಯಿಟ್ಟರು. ಬೊಳ್ಳ ಸತ್ತಿತ್ತು.

“ನೀವು ಹೇಳಿದ ಹಾಗೇ ಮಾಡಿದ್ದು ಡಾಕ್ಟ್ರೇ” ಎಂದರು ಮೋನಪ್ಪಣ್ಣ. ಬೈಯುವ ಧ್ವನಿ ಅಲ್ಲ. ತಾನು ಎಲ್ಲಿ ತಪ್ಪಿದೆ ಎಂದು ಕೇಳುವ ಧ್ವನಿ.

ಡಾಕ್ಟರು ತಲೆ ಎತ್ತಲಿಲ್ಲ. “ಹೌದು. ಹಾಗೇ ಮಾಡಿದ್ದೀರಿ. ನಾನು ಸಪಾಟು ಅಂಗಳದಲ್ಲಿ ನಿಂತು ಪಾಠ ಹೇಳಿದೆ. ಏರಿನ ಮಾತು ನನಗೆ ಹೊಳೆಯಲೇ ಇಲ್ಲ.”

ಮುಂದಿನ ಶನಿವಾರ ಅವರು ಬರುವುದಿಲ್ಲವೆಂದೇ ಎಲ್ಲರೂ ತಿಳಿದಿದ್ದರು. ಅವರು ಬಂದರು. ಗಾಡಿಯವರು ಎದುರೆದುರೇ ಉಗಿದರು. ಡಾಕ್ಟರು, ಒಂದು ಗಾಡಿ ಬೇಕು, ಏರಿನ ಬುಡಕ್ಕೆ ಬನ್ನಿ ಎಂದರು. ಯಾರೂ ಕೊಡಲಿಲ್ಲ. ಆಗ ಮೋನಪ್ಪಣ್ಣ ಎದ್ದು, “ನನ್ನದು ಉಂಟು. ಎಳೆಯಲಿಕ್ಕೆ ಜೋಡಿ ಎತ್ತು ಇಲ್ಲ, ಅಷ್ಟೇ” ಎಂದರು.

ಬಲ್ಮಠದ ಬುಡದಲ್ಲಿ ಆ ಗಾಡಿಗೆ ಕಲ್ಲು ತುಂಬಿ, ಹಿಂದಿನಿಂದ ನಾಲ್ಕು ಜನ ತಳ್ಳುತ್ತಿರಲು, ಡಾಕ್ಟರು ಒಂದು ಕಡೆ, ಮೋನಪ್ಪಣ್ಣ ಇನ್ನೊಂದು ಕಡೆ ನೊಗಕ್ಕೆ ಹೆಗಲು ಕೊಟ್ಟು ಹತ್ತಿದರು. ಮೂಕಿ ಎದ್ದಲ್ಲಿ ನಿಲ್ಲಿಸಿ, ಕಲ್ಲನ್ನು ಮುಂದಕ್ಕೆ ಸರಿಸಿ ಮತ್ತೆ ಹತ್ತಿದರು. ಸಪಾಟಿನಲ್ಲಿ ಸರಿತೂಕ, ಏರಿನ ಬುಡದಲ್ಲಿ ನಿಲ್ಲಿಸಿ ಸ್ವಲ್ಪ ಮುಂದಕ್ಕೆ, ಮೇಲೆ ತಲುಪಿದ ಮೇಲೆ ಪುನಃ ಹಿಂದಕ್ಕೆ. ಪಾಠ ಇಷ್ಟೇ. ಮಾಡಲು ಬೇಸರ ಬರುವ ಕೆಲಸ. ಕೆಲವರು ಮಾಡಿದರು, ಹೆಚ್ಚಿನವರು ಮಾಡಲಿಲ್ಲ. ವರ್ಗವಾಗಿ ಹೋಗುವವರೆಗೆ ಡಾಕ್ಟರು ಅದನ್ನೇ, ಅದೇ ಏರಿನಲ್ಲಿ ಹೇಳುತ್ತಿದ್ದರು. ಬರಬರುತ್ತಾ ಅವರ ದನಿ ಬತ್ತಿಹೋಗಿತ್ತು.

ಈಗ ಅಲ್ಲಿ ಲಾರಿಗಳು ಹತ್ತುತ್ತವೆ. ನಾನು ಮಾತ್ರ ಆ ಏರನ್ನು ಸೋಡಾ ಅಂಗಡಿ ಇದ್ದ ಬದಿಯಿಂದ ಹತ್ತುವುದಿಲ್ಲ, ಎದುರು ಬದಿಯಿಂದ ಹೋಗುತ್ತೇನೆ. ಅರ್ಧ ಕಲಿಸಿದ್ದನ್ನು ನಂಬಿಕೆಯಿಂದ ಪೂರ್ತಿ ಪಾಲಿಸಿದವನ ಮುಖವನ್ನು ನಾನು ನೋಡಿದ್ದೇನೆ. ಯಾರಿಗಾದರೂ ಏನಾದರೂ ತಿಳಿಸಿಹೇಳುವಾಗ ಇಂದಿಗೂ ನನ್ನ ಮಾತು ನಡುವೆ ನಿಂತುಹೋಗುತ್ತದೆ.

ಡಾಕ್ಟರು ತೀರಿಹೋದರೆಂದು ಕೇಳಿದ್ದೇನೆ. ಅಂದು ಕಣ್ಣಾರೆ ಕಂಡವರಲ್ಲಿ ನನ್ನನ್ನು ಬಿಟ್ಟರೆ ಈಗ ಇಬ್ಬರು ಬದುಕಿದ್ದಾರೆ. ಒಬ್ಬ ವಿಠಲಣ್ಣ, ಈಗ ಕೊಡಿಯಾಲ್‌ಬೈಲಿನಲ್ಲಿ ಮಗಳ ಮನೆಯಲ್ಲಿದ್ದಾನೆ. ಇನ್ನೊಬ್ಬರು ಮೋನಪ್ಪಣ್ಣ. ವಿಠಲಣ್ಣನನ್ನು ಕೇಳಿದರೆ ಹೇಳುತ್ತಾನೆ. ಮೋನಪ್ಪಣ್ಣನನ್ನು ದಯವಿಟ್ಟು ಕೇಳಬೇಡಿ.