ಸಕ್ಕರೆ ಬಿಟ್ಟ ನಾಲಿಗೆ

ಕೇಕ್ ಮಾಸ್ಟರಿಗೆ ಎರಡನ್ನು ಕಂಡರೆ ಆಗುತ್ತಿರಲಿಲ್ಲ: ಒಂದು ತಕ್ಕಡಿ, ಇನ್ನೊಂದು ಡಾಕ್ಟರು. ತಕ್ಕಡಿ ಬೇಕಾಗುವುದು ಕೈಯಲ್ಲಿ ವಿದ್ಯೆ ಇಲ್ಲದವರಿಗೆ, ಡಾಕ್ಟರು ಬೇಕಾಗುವುದು ಮಾಡಲು ಬೇರೆ ಕೆಲಸ ಇಲ್ಲದವರಿಗೆ ಎಂದು ಮೂವತ್ತು ವರ್ಷದಿಂದ ಹೇಳಿಕೊಂಡು ಬಂದಿದ್ದರು. ಬೇಕರಿಯ ಹಿಂದಿನ ಕೋಣೆಯಲ್ಲಿ, ಓವನ್ನಿನ ಕಾವಿಗೆ ಬಣ್ಣ ಕಂದಿದ ಗೋಡೆಯ ಪಕ್ಕ, ಅವರು ಹಿಟ್ಟು ಕಲಸುವ ರೀತಿಯೇ ಬೇರೆ. ಮೈದಾ ಕೈ ಅಂದಾಜು, ಬೆಣ್ಣೆ ಕಣ್ಣಂದಾಜು, ಸಕ್ಕರೆ ಮಾತ್ರ ಪೂರ್ತಿ ನಾಲಿಗೆಗೆ ಬಿಟ್ಟದ್ದು. ಹಿಡಿ ಮುರಿದ ತಗಡಿನ ಮಗ್ಗಿನಲ್ಲಿ ಸಕ್ಕರೆ ಸುರಿಯುವರು, ಹಿಟ್ಟಿಗೆ ಬೆರಳದ್ದಿ ನೆಕ್ಕುವರು, ಕಣ್ಣು ಮುಚ್ಚುವರು, ಇನ್ನಷ್ಟು ಸುರಿಯುವರು, ಮತ್ತೆ ನೆಕ್ಕುವರು. ನಾಲಿಗೆ ಸಾಕೆಂದಾಗ ಮಗ್ಗು ಕೆಳಗಿಡುವರು.

ಬೇಕರಿಯ ಮಾಲೀಕ ಒಂದು ಸಲ ನೋಟ್‌ಬುಕ್ಕು, ಪೆನ್ನು ಹಿಡಿದುಕೊಂಡು ಬಂದಿದ್ದ. "ಒಂದು ಕೇಕಿಗೆ ಸಕ್ಕರೆ ಎಷ್ಟು ಅಂತ ಹೇಳಿಬಿಡಿ ಮಾಸ್ಟ್ರೇ, ಬರ್ಕೊಳ್ತೀನಿ."

"ಹಣ್ಣು ದಿನಾ ಒಂದೇ ಥರ ಇರುತ್ತಾ ಸಾರ್? ಬೆಣ್ಣೆ ಇರುತ್ತಾ? ಬರ್ಕೊಂಡು ಏನ್ ಉಪ್ಪಿನಕಾಯಿ ಹಾಕ್ತೀರಾ?"

ಮಾಲೀಕ ಪೆನ್ನು ಜೇಬಿಗಿಟ್ಟುಕೊಂಡು ಹೊರಟುಹೋದ. ಮಾಸ್ಟರೇನು ಪೆದ್ದರಲ್ಲ. ನಾಲಿಗೆಯಲ್ಲಿರುವುದು ಕಾಗದಕ್ಕೆ ಇಳಿದರೆ ಯಾವನು ಬೇಕಾದರೂ ಬಂದು ತಮ್ಮ ಜಾಗದಲ್ಲಿ ನಿಲ್ಲಬಹುದು ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಐವತ್ನಾಲ್ಕನೆಯ ವರ್ಷದಲ್ಲಿ ಮಾಸ್ಟರ ಕಾಲ್ಬೆರಳು ಜುಮ್ಮೆನ್ನತೊಡಗಿತು. ಚಪ್ಪಲಿ ಕಾಲಿನಿಂದ ಜಾರಿಹೋದರೂ ಗೊತ್ತಾಗದೆ ಅರ್ಧ ಬೀದಿ ಬರಿಗಾಲಲ್ಲಿ ನಡೆದು ಬಂದ ದಿನ, ಹೆಂಡತಿ ಅವರನ್ನು ಅಕ್ಷರಶಃ ಎಳೆದುಕೊಂಡು ಆಸ್ಪತ್ರೆಗೆ ಹೋದಳು. ಅಲ್ಲಿದ್ದದ್ದು ಅವರ ಮಗಳ ವಯಸ್ಸಿನ ಒಬ್ಬ ಡಾಕ್ಟರಮ್ಮ. ರಕ್ತದ ರಿಪೋರ್ಟು ನೋಡಿ ಹುಬ್ಬೇರಿಸಿದಳು.

"ಸಿಹಿ ತುಂಬಾ ತಿಂತೀರಾ?"

"ಛೆ ಛೆ, ಮುಟ್ಟೋದೇ ಇಲ್ಲ ಡಾಕ್ಟ್ರೇ. ದಿನಾ ಅದರ ಮುಖಾನೇ ನೋಡಿ ನೋಡಿ ಬೇಜಾರು ಬಂದಿದೆ. ಕೆಲಸದಲ್ಲಿ ರುಚಿ ನೋಡ್ತೀನಿ, ಅಷ್ಟೇ."

"ಹಾಗಾದ್ರೆ ನಾಳೆ ಒಂದು ಕೆಲಸ ಮಾಡಿ. ಪ್ರತಿ ಸಲ ಎಷ್ಟು ಬಾಯಿಗೆ ಹಾಕ್ಕೊಳ್ತೀರೋ ಅಷ್ಟನ್ನೇ ಒಂದು ಬಟ್ಟಲಿಗೂ ಹಾಕಿ. ಸಾಯಂಕಾಲ ನೋಡೋಣ."

ಮಧ್ಯಾಹ್ನಕ್ಕೇ ಬಟ್ಟಲು ತುಂಬಿತು. ಸಾಯಂಕಾಲ ಮಾಸ್ಟರು ಮನೆಗೆ ತಂದದ್ದು ಒಂದು ಬಟ್ಟಲಲ್ಲ, ಎರಡು. ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ನೋಡಿದಳು.

"ಉಬ್ಬಿಕೊಂಡಿದೆ ಕಣೇ. ಬೇಕಿಂಗ್ ಪೌಡರ್ ಇರುತ್ತಲ್ಲ ಇದರಲ್ಲಿ."

"ಹೊಟ್ಟೆಯೊಳಗೆ ಹೋದದ್ದು ಉಬ್ಬಿಲ್ವಾ?" ಎಂದಳು ಅವಳು, ಅವರ ಅಂಗಿಯ ಗುಂಡಿಗಳನ್ನೇ ದಿಟ್ಟಿಸುತ್ತ.

ಮಾಸ್ಟರು ಎಷ್ಟೇ ಬಡಾಯಿ ಕೊಚ್ಚಿದರೂ ಒಳಗೆ ಪುಕ್ಕಲು. ತಮಗೆ ಕೆಲಸ ಕಲಿಸಿದ ಹಿರಿಯ ಮಾಸ್ಟರು ಇದೇ ಕಾಯಿಲೆಯಲ್ಲಿ ಒಂದು ಕಾಲು ಕಳೆದುಕೊಂಡು, ಕೊನೆಯ ಎರಡು ವರ್ಷ ಕಿಟಕಿಯ ಪಕ್ಕ ಕೂತೇ ಕಳೆದದ್ದನ್ನು ಕಣ್ಣಾರೆ ಕಂಡಿದ್ದರು. ಆ ಕಿಟಕಿ ನೆನಪಾಯಿತು. ಅಂದೇ ಸಕ್ಕರೆ ಬಿಟ್ಟರು. ಬೇಕರಿಯಲ್ಲಿ ನಾಲಿಗೆ ತುದಿಗೆ ತಾಗಿಸಿ, ಉಗಿದು, ಬಾಯಿ ಮುಕ್ಕಳಿಸುವುದೆಂದು ತೀರ್ಮಾನವಾಯಿತು.

"ನೀವೇ ಬಿಟ್ಟ ಮೇಲೆ ನನಗ್ಯಾಕ್ರೀ ಅದು? ನಾನೂ ಬಿಟ್ಟೆ" ಎಂದಳು ಹೆಂಡತಿ. ಮಾಸ್ಟರ ಕಣ್ಣು ಒದ್ದೆಯಾಯಿತು. ಮಾರನೆಯ ದಿನದಿಂದ ಬೀದಿಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಆ ತ್ಯಾಗದ ಕಥೆ ಹೇಳತೊಡಗಿದರು. ಕ್ಷೌರದಂಗಡಿಯವನು ಅದನ್ನು ಮೂರು ಸಲ ಕೇಳಿದ, ಮೂರನೆಯ ಸಲ ಸೋಪಿನ ನೊರೆ ಬಾಯಿಗೇ ಹಚ್ಚಿದ.

ಇಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಮಾಸ್ಟರಿಗೆ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಒಬ್ಬ ಬಾಮೈದನಿದ್ದ, ಅವನ ಬಾಯಿಗೆ ಬೀಗವಿರಲಿಲ್ಲ.

"ಭಾವ, ಯಾವ ಕಾಲದಲ್ಲಿದೀರಾ? ಸಕ್ಕರೆ ಬೇಡ, ಸಿಹಿ ಬೇಕು, ಅಷ್ಟೇ ತಾನೇ? ನನಗೆ ಬಿಡಿ."

ಮೊದಲು ಬಂದದ್ದು ಸಾಸಿವೆಗಿಂತ ಸ್ವಲ್ಪ ದೊಡ್ಡ ಮಾತ್ರೆ. ಚಹಾಕ್ಕೆ ಹಾಕಿ ಕುಡಿದರೆ ಸಿಹಿಯೇನೋ ಸಿಹಿಯೇ, ಆದರೆ ಅದು ಹೋಗಲೊಲ್ಲದು. ಬೆಳಗಿನ ಚಹಾ ಮಧ್ಯಾಹ್ನದ ಊಟದಲ್ಲೂ ಇಣುಕಿ ನೋಡುತ್ತಿತ್ತು. ಆಮೇಲೆ ಬಂದದ್ದು ಹನಿ ಹಾಕುವ ದ್ರಾವಣ. ಒಂದು ಹನಿ ಎಂದರೆ ಮಾಸ್ಟರ ಕೈ ಕೇಳಬೇಕಲ್ಲ, ಅಂದಾಜಿನಲ್ಲಿ ಹಿಂಡಿದರು, ಆ ಲೋಟವನ್ನು ಎರಡು ಸಲ ತೊಳೆದರೂ ನೀರು ಸಿಹಿಯಾಗಿತ್ತು. ಮೂರನೆಯದು ಯಾವುದೋ ಎಲೆಯ ಪುಡಿ. ಕುಡಿದು ಮುಖ ಹಿಂಡಿಕೊಂಡು, "ಎಲೆ ಅಂದ್ರೆ ಎಲೆಯೇ. ನನ್ನನ್ನೇನು ಮೇಕೆ ಅಂದ್ಕೊಂಡಿದೀಯಾ?" ಎಂದು ಬಾಮೈದನನ್ನು ಝಾಡಿಸಿದರು.

ಕೊನೆಗೆ ಬಂದದ್ದು ಸಕ್ಕರೆ ಇಲ್ಲದ ಬಿಸ್ಕತ್ತು. ಪೊಟ್ಟಣದ ಮೇಲೆ 'ಸಕ್ಕರೆ ಇಲ್ಲ' ಎಂದು ದೊಡ್ಡದಾಗಿ ಬರೆದಿತ್ತು, ಮಾಸ್ಟರಿಗೆ ಅದು ಸರ್ಕಾರದ ಅಪ್ಪಣೆಯ ಹಾಗೆ ಕಂಡಿತು. ಹೆಚ್ಚು ತಿಂದರೆ ಹೊಟ್ಟೆ ಕೆಟ್ಟೀತೆಂದು ಕೆಳಗೆ ಚಿಕ್ಕದಾಗಿ ಬರೆದದ್ದು ಕಾಣಲಿಲ್ಲ. ಕೂತಲ್ಲೇ ಮೂರು ಪೊಟ್ಟಣ ಮುಗಿಸಿದರು. ಆ ಮಧ್ಯಾಹ್ನವೆಲ್ಲ ಅವರು ಎಲ್ಲಿದ್ದರೆಂದು ಕೇಳಬೇಡಿ. ಬಾಗಿಲಾಚೆಯಿಂದ ಹೆಂಡತಿ, "ರೀ, ಬದುಕಿದೀರಾ?" ಎಂದು ಅರ್ಧ ಗಂಟೆಗೊಮ್ಮೆ ವಿಚಾರಿಸುತ್ತಿದ್ದಳು, ಒಳಗಿನಿಂದ ಬಾಮೈದನ ಇಡೀ ವಂಶವನ್ನು ಕುರಿತ ಅಭಿಪ್ರಾಯ ಹೊರಬರುತ್ತಿತ್ತು. ಆ ವಂಶ ತನ್ನದೂ ಹೌದೆಂದು ಅವಳು ನೆನಪಿಸಲು ಹೋಗಲಿಲ್ಲ.

"ಮಾತ್ರೆ ವಿಷವೂ ಅಲ್ಲ, ಅಮೃತವೂ ಅಲ್ಲ" ಎಂದಳು ಡಾಕ್ಟರಮ್ಮ, ಈ ಪುರಾಣವನ್ನೆಲ್ಲ ಕೇಳಿ ನಗು ತಡೆದುಕೊಂಡು. "ಚಹಾಕ್ಕೆ ಒಂದೋ ಎರಡೋ ಹಾಕ್ಕೊಳ್ಳಿ, ತೊಂದರೆ ಇಲ್ಲ. ಆದ್ರೆ ಬಿಸ್ಕತ್ತಲ್ಲಿ ಸಕ್ಕರೆ ಇಲ್ದಿದ್ರೂ ಮೈದಾ ಇದೆಯಲ್ಲ? ಅದೂ ರಕ್ತದಲ್ಲಿ ಸಕ್ಕರೆಯೇ ಆಗುತ್ತೆ. ನಿಜವಾಗ್ಲೂ ಕಮ್ಮಿ ಆಗ್ಬೇಕಾದ್ದು ನಿಮ್ಮ ಸಿಹಿ ಚಪಲ."

ಚಪಲ ಎಂಬ ಮಾತು ಮಾಸ್ಟರಿಗೆ ನಾಟಿತು. ಸಕ್ಕರೆಯೂ ಬೇಡ, ಅದರ ಸೋದರಸಂಬಂಧಿಗಳೂ ಬೇಡ ಎಂದು ಎಲ್ಲವನ್ನೂ ಒಂದೇ ಏಟಿಗೆ ಬಿಟ್ಟರು. ಮೂರು ವಾರ ನರಕ. ಸಿಡುಕು, ತಲೆನೋವು, ಕನಸಿನಲ್ಲೆಲ್ಲ ಕೆನೆ. ನಾಲ್ಕನೆಯ ವಾರ ಒಂದು ಬೆಳಿಗ್ಗೆ ಬರೀ ಚಹಾ ಕುಡಿಯುತ್ತಿದ್ದಾಗ ಅದರಲ್ಲಿ ಚಹಾದ್ದೇ ರುಚಿ ಇದೆಯೆಂದು ಹೊಳೆಯಿತು. ಆಮೇಲೆ ಕ್ಯಾರೆಟ್ಟು ಸಿಹಿಯಾಯಿತು. ಹಾಲು ಸಿಹಿಯಾಯಿತು. ಆರು ತಿಂಗಳಲ್ಲಿ ರಿಪೋರ್ಟು ತಗ್ಗಿತು, ಕಾಲ್ಬೆರಳ ಜುಮ್ಮು ಕಡಿಮೆಯಾಯಿತು, ಅಂಗಿಯ ಗುಂಡಿಗಳಿಗೂ ಉಸಿರು ಬಂತು. ಮಾಸ್ಟರು ಎದೆ ಉಬ್ಬಿಸಿಕೊಂಡು ತಿರುಗಿದರು.

ಅಷ್ಟರಲ್ಲಿ ಬೇಕರಿಯಲ್ಲಿ ಕೇಕು ಉಳಿಯತೊಡಗಿತು.

ಮೊದಲು ಒಬ್ಬಿಬ್ಬರು ಖಾಯಂ ಗಿರಾಕಿಗಳು ಮೂಗು ಮುರಿದರು. "ಯಾಕೋ ಸಪ್ಪೆ." ಮಾಸ್ಟರು ಹಿಂದಿನ ಕೋಣೆಯಿಂದಲೇ ಗುಡುಗಿದರು: "ಅವರ ನಾಲಿಗೆ ಸತ್ತಿದೆ ಸಾರ್!" ಆಮೇಲೆ ಬ್ಯಾಂಕಿನವರ ಬೀಳ್ಕೊಡುಗೆ ಸಮಾರಂಭಕ್ಕೆ ಹೋದ ಕೇಕು ಮುಕ್ಕಾಲು ಭಾಗ ಹಾಗೇ ವಾಪಸು ಬಂತು. ಮಾಲೀಕ ಒಂದು ತುಂಡು ಬಾಯಿಗೆ ಹಾಕಿಕೊಂಡ, ಅಗಿದ, ತುಂಡನ್ನು ಮಾಸ್ಟರ ಮುಂದೆ ಹಿಡಿದ.

"ಇದು ಕೇಕಾ ಮಾಸ್ಟ್ರೇ, ಬ್ರೆಡ್ಡಾ?"

ಮಾಸ್ಟರು ನಾಲಿಗೆಗೆ ತಾಗಿಸಿ ನೋಡಿದರು. ಸಿಹಿ ಹದವಾಗಿಯೇ ಇತ್ತು. ಅವರಿಗೆ ಆಗ ಅರ್ಥವಾಯಿತು. ಗಿರಾಕಿಗಳ ನಾಲಿಗೆ ಸತ್ತಿರಲಿಲ್ಲ, ತಮ್ಮದೇ ಬದಲಾಗಿತ್ತು. ಕ್ಯಾರೆಟ್ಟನ್ನು ಸಿಹಿ ಎನ್ನುವ ನಾಲಿಗೆಗೆ ಅರ್ಧ ಮಗ್ಗು ಸಕ್ಕರೆಯೇ ಬೆಟ್ಟದಷ್ಟು. ಹಳೆಯ ಅಳತೆಗೆ ಹಿಂದಿರುಗೋಣವೆಂದರೆ ಹಳೆಯ ಅಳತೆ ಎಲ್ಲಿದೆ? ಬರೆದಿಡಲು ಬಂದವನನ್ನು ಅವರೇ ಓಡಿಸಿದ್ದರು. ಮುಂದಿನ ಎರಡು ದಿನ ಕುರುಡು ಧೈರ್ಯದಿಂದ ಮಗ್ಗು ಮಗ್ಗು ಸುರಿದರು. ಒಂದು ದಿನದ ಕೇಕು ಕಂದಿ ತಳ ಹಿಡಿಯಿತು, ಇನ್ನೊಂದು ದಿನದ್ದು ನಡುವೆ ಕುಸಿದು ಕೂತಿತು.

"ಶನಿವಾರ ಆಸ್ಪತ್ರೆಯ ಹೊಸ ಕಟ್ಟಡದ ಉದ್ಘಾಟನೆಗೆ ಇಪ್ಪತ್ತು ಕೆ.ಜಿ. ಆರ್ಡರಿದೆ" ಎಂದ ಮಾಲೀಕ. "ಅದೂ ವಾಪಸು ಬಂದ್ರೆ ಎದುರು ಅಂಗಡಿ ಹುಡುಗನ್ನ ಕರ್ಕೊಳ್ತೀನಿ. ಬೇಜಾರು ಮಾಡ್ಕೋಬೇಡಿ, ನಾನೂ ಬದುಕ್ಬೇಕಲ್ಲ."

ಆ ಎದುರು ಅಂಗಡಿಯವನು ತಕ್ಕಡಿ ಇಟ್ಟುಕೊಂಡು ಕೇಕು ಮಾಡುವವನು. ಮಾಸ್ಟರಿಗೆ ಅದು ಕೆಲಸ ಹೋಗುವುದಕ್ಕಿಂತ ದೊಡ್ಡ ಅವಮಾನ. ಎಲ್ಲರೂ ಊಟಕ್ಕೆ ಹೋದಾಗ ಸಕ್ಕರೆ ಮೂಟೆಯ ಮುಂದೆ ನಿಂತರು. ನಾಲ್ಕೈದು ದಿನ ಮೊದಲಿನ ಹಾಗೆ ತಿಂದರೆ ನಾಲಿಗೆ ಮೊದಲಿನ ಹಾಗೆ ಆದೀತು. ಒಂದು ಮುಷ್ಟಿ ತುಂಬಿಕೊಂಡು ಬಾಯಿಯವರೆಗೂ ತಂದರು. ಕಿಟಕಿಯ ಪಕ್ಕ ಕೂತ ಹಿರಿಯ ಮಾಸ್ಟರು ಕಣ್ಣ ಮುಂದೆ ಬಂದರು. ಮುಷ್ಟಿ ಬಿಚ್ಚಲೂ ಆಗಲಿಲ್ಲ, ತಿನ್ನಲೂ ಆಗಲಿಲ್ಲ. ಐವತ್ನಾಲ್ಕು ವರ್ಷದ ಗಂಡಸು ಮೂಟೆಗೆ ಒರಗಿ ಅತ್ತರು.

ಮನೆಗೆ ಹೋಗಿ ಹೆಂಡತಿಗೆ ಎಲ್ಲ ಹೇಳಿದರು. "ನಾಳೆಯಿಂದ ತಿಂತೀನಿ ಕಣೇ. ಶನಿವಾರದವರೆಗೆ ಮಾತ್ರ."

"ಬೇಡ್ರೀ. ಶನಿವಾರ ಆದ್ಮೇಲೆ ಭಾನುವಾರ ಬರುತ್ತೆ. ನಾನು ಬರ್ತೀನಿ, ನಾನು ರುಚಿ ನೋಡ್ತೀನಿ."

"ನೀನೇನು ನೋಡ್ತೀಯ? ನಿನ್ನದೂ ನನ್ನ ಥರದ್ದೇ ನಾಲಿಗೆ. ನೀನೂ ಬಿಟ್ಟಿದ್ದೀಯಲ್ಲ?"

ಹೆಂಡತಿ ಸೆರಗಿನ ತುದಿಯನ್ನು ಸುತ್ತಿದಳು, ಬಿಚ್ಚಿದಳು. ಎದ್ದು ಬಚ್ಚಲುಮನೆಗೆ ಹೋಗಿ, ಬಟ್ಟೆ ಸೋಪಿನ ಪುಡಿಯ ಹಿಂದಿನಿಂದ ಒಂದು ಡಬ್ಬಿ ತಂದು ಅವರ ಮುಂದಿಟ್ಟಳು. ಮುಚ್ಚಳ ತೆಗೆದರೆ ಒಳಗೆ ಸಕ್ಕರೆ, ಅದರಲ್ಲಿ ಚಮಚ ನೆಟ್ಟಗೆ ನಿಂತಿತ್ತು.

"ಬಿಟ್ಟಿಲ್ಲ" ಎಂದಳು.

"ಯಾವತ್ತಿಂದ?"

"ಯಾವತ್ತೂ."

ಮಾಸ್ಟರ ಪಿತ್ತ ನೆತ್ತಿಗೇರಿತು. ಆರು ತಿಂಗಳು! ಇಡೀ ಬೀದಿಗೆ ಇವಳ ತ್ಯಾಗದ ಡಂಗುರ ಹೊಡೆದದ್ದು! ಅವಳೇ ಹೇಳಿದಳು: "ಬಿಡ್ಬೇಕು ಅಂತಲೇ ಇದ್ದೆ. ಮೊದಲನೇ ದಿನವೇ ಆಗ್ಲಿಲ್ಲ. ನೀವು ಹಲ್ಲು ಕಚ್ಚಿಕೊಂಡು ಸಪ್ಪೆ ಚಹಾ ಕುಡಿಯೋದು ನೋಡಿ ಹೊಟ್ಟೆ ಚುರುಕ್ ಅನ್ನೋದು. ಹೇಗೆ ಹೇಳ್ಲಿ? ನಾನೂ ಬಿಟ್ಟಿದೀನಿ ಅಂತಲೇ ನೀವು ತಡ್ಕೊಂಡಿದ್ರಿ. ಇವತ್ತು ಹೇಳದಿದ್ರೆ ನೀವು ಮತ್ತೆ ತಿಂತೀರಿ. ಬೈಯೋದಿದ್ರೆ ಬೈರಿ. ಕಾಲು ಮಾತ್ರ ಉಳಿಸ್ಕೊಳ್ಳಿ."

ಮಾಸ್ಟರು ಡಬ್ಬಿಯನ್ನು ನೋಡಿದರು, ಚಮಚವನ್ನು ನೋಡಿದರು, ಅವಳನ್ನು ನೋಡಿದರು. ಬೈಯಲು ಹೊರಟ ಬಾಯಿಂದ ನಗು ಬಂತು. ಬಚ್ಚಲುಮನೆಯಲ್ಲಿ ಬಕೆಟ್ಟಿನ ಪಕ್ಕ ಕದ್ದು ಸಕ್ಕರೆ ಮುಕ್ಕುವ ಹೆಂಗಸನ್ನು ನೆನೆದು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮಾರನೆಯ ದಿನ ಹೊಟ್ಟೆಯೂ ಉರಿಯಿತು, ಯಾಕೆಂದರೆ ಹಟ ಹಿಡಿದು ಅವಳ ರಕ್ತವನ್ನೂ ಪರೀಕ್ಷೆ ಮಾಡಿಸಿದರೆ ಅದರಲ್ಲಿ ಒಂದು ಚೂರೂ ಐಬಿರಲಿಲ್ಲ.

ಶನಿವಾರ ಬೆಳಿಗ್ಗೆ ಅವಳನ್ನು ಹಿಂಬಾಗಿಲಿನಿಂದ ಒಳಗೆ ಕರೆದುಕೊಂಡು ಹೋದರು. ಅವಳು ಆ ಕೋಣೆಗೆ ಕಾಲಿಟ್ಟದ್ದು ಅದೇ ಮೊದಲು. ಮಾಸ್ಟರು ಸಕ್ಕರೆ ಸುರಿದರು, ಬೆರಳ ಬದಲು ಚಮಚ ಮುಂದೆ ಹಿಡಿದರು. ಅವಳು ನೆಕ್ಕಿ ತಲೆಯಾಡಿಸಿದಳು. "ಇನ್ನೂ." ಸುರಿದರು. "ಇನ್ನೂ." ಮಾಸ್ಟರಿಗೆ ಇದು ಹುಚ್ಚು ಎನಿಸಿತು, ಆದರೂ ಸುರಿದರು. "ಇನ್ನೂ ಒಂಚೂರು... ಹ್ಞಾ, ಸಾಕು." ಮಗ್ಗು ಕೆಳಗಿಟ್ಟರು. ಮೂವತ್ತು ವರ್ಷ ತಮಗೆ ತಾವೇ ಹೇಳಿಕೊಂಡ ಮಾತು ಬೇರೆ ಬಾಯಿಂದ ಕೇಳಲು ಏನೋ ಒಂಥರಾ ಆಗಿತ್ತು, ಆದರೂ ಕೇಳಿದರು.

ಕೇಕು ಹೊಂಬಣ್ಣಕ್ಕೆ ತಿರುಗಿ ಮೇಲೆದ್ದಿತು. ಹನ್ನೊಂದು ಗಂಟೆಗೆ ಹೋದದ್ದು, ಒಂದು ಗಂಟೆಯೊಳಗೆ ಖಾಲಿ ತಟ್ಟೆಗಳು ವಾಪಸು ಬಂದವು. ಡಾಕ್ಟರುಗಳೇ ಎರಡೆರಡು ತುಂಡು ತಿಂದರಂತೆ, ಆ ಡಾಕ್ಟರಮ್ಮ ಮೂರು. ಮಾಲೀಕ ಹಿಂದಿನ ಕೋಣೆಗೆ ಓಡೋಡಿ ಬಂದು ಮಾಸ್ಟರ ಎರಡೂ ಭುಜ ಹಿಡಿದು ಅಲ್ಲಾಡಿಸಿದ. "ನಿಮ್ಮ ನಾಲಿಗೆ ವಾಪಸು ಬಂತು ಮಾಸ್ಟ್ರೇ!"

ಹೌದು ಸಾರ್ ಎಂದಿದ್ದರೆ ಮುಗಿದುಹೋಗುತ್ತಿತ್ತು. ಸುಮ್ಮನೆ ಮುಗುಳ್ನಕ್ಕಿದ್ದರೂ ಸಾಕಿತ್ತು. ಜೀವಮಾನವೆಲ್ಲ ಒಂದು ಹೊಗಳಿಕೆಯನ್ನೂ ನೆಲಕ್ಕೆ ಬೀಳಲು ಬಿಡದ ಮನುಷ್ಯ ಅವರು. ಆದರೆ ಅಂದು, ಮೂಲೆಯಲ್ಲಿ ಖಾಲಿ ಡಬ್ಬದ ಮೇಲೆ ಕೂತು ಬಟ್ಟಲಿನ ಅಂಚು ಬಳಿಯುತ್ತಿದ್ದ ಹೆಂಡತಿಯತ್ತ ನೋಡಿದರು.

"ನನ್ನದಲ್ಲ ಸಾರ್, ನನ್ನ ನಾಲಿಗೆ ಹೋಯ್ತು. ಇದು ಅವಳದು. ಇನ್ಮೇಲೆ ನಾನು ಕಲಸ್ತೀನಿ, ಸಾಕು ಅಂತ ಅವಳು ಹೇಳ್ತಾಳೆ. ಸಂಬಳ ಇಬ್ಬರಿಗೂ ಕೊಡ್ಬೇಕು."

ಮಾಲೀಕನಿಗೆ ತಮಾಷೆಯೆನಿಸಿತು. ಮಾಸ್ಟರ ಮುಖ ನೋಡಿದ ಮೇಲೆ ತಮಾಷೆಯಲ್ಲವೆಂದು ತಿಳಿಯಿತು. ಅವಳ ಕಡೆ ತಿರುಗಿ, ಮರ್ಯಾದೆಗೆಂದು ಕೇಳಿದ: "ಹೌದಾ ಅಮ್ಮ? ಸರಿ, ನೀವೇ ಹೇಳಿ, ನಮ್ಮ ಮಾಸ್ಟ್ರ ಕೇಕು ಹೇಗಿದೆ?"

ಅವಳು ಬೆರಳು ನೆಕ್ಕಿಕೊಂಡು ಯೋಚಿಸಿದಳು. "ಚೆನ್ನಾಗಿದೆ. ಉಪ್ಪು ಮಾತ್ರ ಒಂದು ಚಿಟಿಕೆ ಬೇಕು. ಮದುವೆಯಾದಾಗಿಂದ್ಲೂ ಬೇಕಿತ್ತು."

ಮಾಸ್ಟರು ಗಕ್ಕನೆ ಅವಳತ್ತ ತಿರುಗಿದರು. "ಇಷ್ಟು ವರ್ಷ ಯಾಕೇ ಹೇಳ್ಲಿಲ್ಲ?"

"ನೀವು ಯಾವತ್ತು ಕೇಳಿದ್ರಿ?" ಎಂದಳು ಹೆಂಡತಿ.